ಒಂದು ಕಾಲು ಊರುವ ಮರ್ಯಾದೆ

ನಾನು ಸೈಕಲ್ಲಿನಿಂದ ಒಂಬತ್ತು ಸಲ ಬಿದ್ದಿದ್ದೇನೆ. ಒಂಬತ್ತು ಸಲವೂ ಸೈಕಲ್ಲು ನಿಂತಿತ್ತು. ಓಡುವ ಸೈಕಲ್ಲಿನಿಂದ ಬೀಳುವವನಿಗೆ ಇಳಿಜಾರು, ಜಲ್ಲಿ, ಅಡ್ಡ ಬಂದ ನಾಯಿ ಎಂದು ಹೇಳಿಕೊಳ್ಳಲು ಏನಾದರೂ ಇರುತ್ತದೆ. ನಿಂತಲ್ಲೇ, ಕಡಿದ ಬಾಳೆಗಿಡದ ಹಾಗೆ, ಒಂದು ಬದಿಗೆ ಮಲಗುವವನಿಗೆ ಆ ಅನುಕೂಲವಿಲ್ಲ. ಹಾಗೆ ಬೀಳುವುದಕ್ಕೆ ಸುಮಾರು ಎರಡು ಸೆಕೆಂಡು ಹಿಡಿಯುತ್ತದೆ. ಅಷ್ಟರೊಳಗೆ ಎದುರಿಗಿದ್ದವರ ಮುಖ ಬದಲಾಗುವುದನ್ನು ಪೂರ್ತಿಯಾಗಿ ನೋಡಬಹುದು.

ಇದೆಲ್ಲ ನನ್ನ ದಿನಚರಿಯಲ್ಲಿದೆ. ೨೦೦೬ರ ನವೆಂಬರ್ ೫, ಭಾನುವಾರ: ‘ಹೊಸ ಶೂ. ಬೀಳುವಿಕೆ ೧. ಸ್ಥಳ ನಮ್ಮ ಅಂಗಳ. ನೋಡಿದವರು ಯಾರೂ ಇಲ್ಲ.’ ಯಾರೂ ನೋಡದ್ದನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂದು ಎರಡು ದಿನ ಯೋಚಿಸಿ, ಮೊಣಕೈ ನೋಡಿಕೊಂಡು, ಹಿಡಿದೆ.

ಶೂ ಕೊಟ್ಟವನು ಹುಬ್ಬಳ್ಳಿಯ ಗೆಳೆಯ. ಅವನು ಸೈಕಲ್ಲು ಬಿಟ್ಟು ಬೈಕು ಹಿಡಿದ ಮೇಲೆ ಶೂ, ಪೆಡಲು, ಒಂದು ಮಡಚಿದ ಸೂಚನಾ ಪತ್ರ, ಮೂರನ್ನೂ ಒಂದೇ ಚೀಲದಲ್ಲಿ ಹಾಕಿ ನನಗೆ ದಾಟಿಸಿದ. ಇದಕ್ಕೆ ಕ್ಲಿಪ್‌ಲೆಸ್ ಶೂ ಎನ್ನುತ್ತಾರೆ. ಹಿಂದೆ ಪಂದ್ಯದ ಸೈಕಲ್ಲುಗಳ ಪೆಡಲಿಗೆ ಪಾದವನ್ನು ಪಟ್ಟಿಯಿಂದ ಬಿಗಿಯುವ ಕ್ಲಿಪ್ಪು ಇರುತ್ತಿತ್ತಂತೆ. ಆ ಕ್ಲಿಪ್ಪು ಇದರಲ್ಲಿಲ್ಲ ಎಂದು ಈ ಹೆಸರು. ಅದರ ಬದಲು ಅಂಗಾಲಿನ ಕೆಳಗೆ ಕ್ಲೀಟ್ ಎಂಬ ಲೋಹದ ತುಂಡು ಇರುತ್ತದೆ. ಪೆಡಲಿನ ಮೇಲೆ ಒತ್ತಿದರೆ ‘ಟಕ್’ ಎಂದು ಕಚ್ಚಿಕೊಳ್ಳುತ್ತದೆ. ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು. ಹುಟ್ಟಿದಾಗಿನಿಂದ ಕಾಲನ್ನು ಮೇಲಕ್ಕೆ ಎತ್ತಿ ನೆಲಕ್ಕೆ ಇಟ್ಟವನಿಗೆ ಮೊದಲು ಹೊರಕ್ಕೆ ತಿರುಚು ಎಂದರೆ, ತಲೆಗೆ ತಿಳಿಯುತ್ತದೆ, ಕಾಲಿಗೆ ತಿಳಿಯುವುದಿಲ್ಲ.

ನಾನು ಶಿರಸಿಯ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ದಿನ ಆ ಶೂ ಹಾಕಿಕೊಂಡೇ ಶಾಲೆಗೆ ಹೋದೆ. ಕಾರಿಡಾರಿನಲ್ಲಿ ಟಕ್ ಟಕ್ ಎಂದು ನಡೆಯುವುದನ್ನು ಕೇಳಿ ನಮ್ಮ ಡ್ರಿಲ್ ಮಾಸ್ತರರು, ಬನವಾಸಿ ಕಡೆಯ ಬಸಪ್ಪ ಸರ್, ಹೊರಗೆ ಬಂದರು.

“ಏನ್ರಿ ಸರ, ಕಾಲಿಗೆ ಲಾಳ ಹೊಡಿಸ್ಕೊಂಡು ಬಂದೀರೇನು?”

ನಾನು ಶೂ ಎತ್ತಿ ತೋರಿಸಿ ಕ್ಲೀಟಿನ ಕೆಲಸವನ್ನು ವಿವರಿಸಿದೆ. ಅವರು ಗಮನವಿಟ್ಟು ಕೇಳಿ, “ಹಂಗಾರ ಮಧ್ಯಾಹ್ನಕ್ಕ ಹುಲ್ಲು ತರಸ್ಲೇನ್ರಿ?” ಎಂದರು. ಮರುದಿನದಿಂದ ಶೂವನ್ನು ಶಾಲೆಯ ಹೊರಗಿನ ಓಡಾಟಕ್ಕೆ ಮೀಸಲಿಟ್ಟೆ.

ಪಟ್ಟಣಗಳಲ್ಲಿ ಇಂಥ ಶೂ ಹಾಕಿದವರು ಕೆಂಪು ದೀಪದ ಎದುರು ಬೀಳುತ್ತಾರಂತೆ. ನಮ್ಮ ರಸ್ತೆಗಳಲ್ಲಿ ದೀಪವಿಲ್ಲ, ಪರಿಚಯದವರಿದ್ದಾರೆ. ‘ಎಲ್ಲಿಗೆ ಹೊಂಟಿದ್ದು?’ ಎಂದು ಯಾರಾದರೂ ಕೇಳಿದರೆ ಅವರಿಗೆ ಬೇಕಾದದ್ದು ಉತ್ತರವಲ್ಲ, ನಿಲ್ಲುವುದು. ಇದರ ಕ್ರಮವನ್ನು ನಾನು ದಿನಚರಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಬಸ್ಸಿನಲ್ಲಿದ್ದವನು ಕೈ ಎತ್ತಿದರೆ ಸಾಕು. ಬೈಕಿನವನು ನಿಧಾನ ಮಾಡಿ ತಲೆ ಆಡಿಸಬೇಕು. ಸೈಕಲ್ಲಿನವನು ಮಾತ್ರ ಒಂದು ಕಾಲನ್ನು ನೆಲಕ್ಕೆ ಊರಲೇಬೇಕು. ಒಂದು ಕಾಲು ಊರಿದರೆ ‘ಅವಸರ ಇದೆ, ಆದರೂ ನಿಮಗಾಗಿ ನಿಂತೆ’ ಎಂದರ್ಥ. ಎರಡೂ ಕಾಲು ಊರಿದರೆ ಒಳಗೆ ಬಂದು ಏನಾದರೂ ಕುಡಿಯುತ್ತಾನೆ ಎಂದರ್ಥ. ಕಾಲೇ ಊರದೆ ಹೋದರೆ ಏನರ್ಥ ಎಂದು ನಾನು ಬರೆದಿರಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಹಾಗೆ ಹೋದವರನ್ನು ಕಂಡಿರಲಿಲ್ಲ.

ಒಂಬತ್ತರಲ್ಲಿ ಏಳು ಸಲ ನಾನು ಬಿದ್ದದ್ದು ಈ ಮರ್ಯಾದೆಗಾಗಿ. ನವೆಂಬರ್ ೨೫ರಂದು ಸಿದ್ದಾಪುರದ ಬಸ್‌ ನಿಲ್ದಾಣದ ಎದುರು ನನ್ನ ಹಳೆಯ ಹೆಡ್ ಮಾಸ್ತರರು ಸಿಕ್ಕಿ “ಆರಾಮಾ?” ಎಂದರು. ನಾನು “ಆರಾಮ ಸರ್” ಎನ್ನುತ್ತಲೇ ಅವರ ಪಾದದ ಬಳಿ ಬಿದ್ದೆ. ನಮಸ್ಕಾರ ಮಾಡಿದನೆಂದು ಅವರು ತಲೆ ಮುಟ್ಟಿ ಹರಸಿದರು. ಅದೊಂದು ಮಾತ್ರ ಲಾಭದ ಬೀಳುವಿಕೆ.

ಆದರೆ ಬಿದ್ದದ್ದಕ್ಕಿಂತ ಬೀಳದೇ ಹೋದದ್ದೇ ನನ್ನನ್ನು ಕಷ್ಟಕ್ಕೆ ಸಿಕ್ಕಿಸಿತು.

ಯಲ್ಲಾಪುರ ರಸ್ತೆಯಲ್ಲಿ, ಭೈರುಂಬೆಯ ಕಡೆ ತಿರುಗುವ ಮೊದಲು, ಒಂದು ಏರು ಬರುತ್ತದೆ. ಆ ಏರಿನ ನಡುವೆ ನನ್ನ ಸೋದರಮಾವ ಗಣಪತಿಯ ಮನೆ. ಮಾವ ಪೋಸ್ಟ್‌ಮನ್ ಆಗಿ ನಿವೃತ್ತನಾದವನು. ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಪೇಪರು ಹಿಡಿದು ಕೂರುತ್ತಾನೆ. ನಾನು ಹಾಯುವಾಗ “ಏ ತಮಾ, ಎಲ್ಲಿಗೆ ಹೊಂಟೆ?” ಎಂದು ಕೂಗುತ್ತಾನೆ. ನಾನು ಒಂದು ಕಾಲು ಊರುತ್ತೇನೆ. ಆರು ವರ್ಷದಿಂದ ನಮ್ಮ ಬಾಂಧವ್ಯ ಇಷ್ಟೇ, ಮತ್ತು ಇಷ್ಟು ಸಾಕಾಗಿತ್ತು.

ಹೊಸ ಶೂ ಹಾಕಿದ ಎರಡನೆಯ ಭಾನುವಾರ ಮಾವ ಕೂಗಿದಾಗ ಏರಿನಲ್ಲಿ ಕಾಲು ಬಿಡಿಸುವ ಧೈರ್ಯ ಬರಲಿಲ್ಲ. ಕೈ ಬೀಸಿ ಹೋದೆ. ನವೆಂಬರ್ ೧೯, ಕೈ ಬೀಸಿದೆ. ೨೬, ಕೈ ಬೀಸಿದೆ. ಡಿಸೆಂಬರ್ ೩ರಂದು ದಿನಚರಿಯಲ್ಲಿ ಎರಡೇ ಪದವಿದೆ: ‘ಮಾವ ಕರೆಯಲಿಲ್ಲ.’ ೧೦ರಂದೂ ಅದೇ. ೧೭ರಂದು ನಾನೇ “ಮಾವಾ” ಎಂದು ಕೂಗಿದೆ. ಅವನು ಪೇಪರಿನ ಪುಟ ತಿರುವಿದ.

ಅಂದು ಸಂಜೆ ಅತ್ತೆಯ ಫೋನು ಬಂತು. ಮಾತಾಡಿ ಮುಗಿಸಿದ ನನ್ನ ತಾಯಿ ತಮ್ಮನ ಮಾತನ್ನು ಅವನದೇ ಧಾಟಿಯಲ್ಲಿ ಒಪ್ಪಿಸಿದಳು: “ನಿಮ್ಮನೆ ಮಾಣಿ ಮಂತ್ರಿ ಆಯ್ದ್ನ ಎಂತದು? ಕರೆದ್ರೂ ನಿಲ್ತ್ನಿಲ್ಲೆ, ಕೈ ಮಾಡ್ಕ್ಯಂಡು ಹೋಗ್ತ.” ಆಮೇಲೆ ತನ್ನ ಕಡೆಯಿಂದ, “ಯಂಗೆ ಇಪ್ಪಂವ ಒಬ್ಬನೇ ತಮ್ಮ” ಎಂದಷ್ಟೇ ಸೇರಿಸಿ ಒಳಗೆ ಹೋದಳು.

ಇದರ ಜೊತೆಗೆ ಬಲ ಮಂಡಿಯ ನೋವು ಬೇರೆ ಶುರುವಾಗಿತ್ತು. ಕ್ಲೀಟನ್ನು ಸರಿಯಾದ ಜಾಗದಲ್ಲಿ ಕೂರಿಸದಿದ್ದರೆ ಹಾಗಾಗುತ್ತದೆ ಎಂದು ಸೂಚನಾ ಪತ್ರ ಹೇಳುತ್ತಿತ್ತು. ಹೆಬ್ಬೆರಳಿನ ಬುಡದ ಉಬ್ಬಿದ ಮೂಳೆ ಪೆಡಲಿನ ಅಚ್ಚಿನ ಮೇಲೆ ಬರಬೇಕು. ಅದಕ್ಕೆ ತಕ್ಕಂತೆ ಹಿಂದೆ ಮುಂದೆ, ಅತ್ತ ಇತ್ತ ಸರಿಸಿ ತಿರುಪು ಬಿಗಿಯಬೇಕು. ನಾನು ವಿಜ್ಞಾನದ ಮಾಸ್ತರ. ಎರಡೂ ಶೂಗಳನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಸ್ಕೇಲು ಇಟ್ಟು, ಮಧ್ಯಗೆರೆ ಎಳೆದು, ಎರಡೂ ಕ್ಲೀಟು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನೇರವಾಗಿ ಕೂರುವಂತೆ ಮಾಡಿದ್ದೆ. ನೋವಾದಾಗಲೆಲ್ಲ ಎರಡನ್ನೂ ಒಂದು ಬೆಂಕಿಕಡ್ಡಿಯ ದಪ್ಪದಷ್ಟು ಹಿಂದಕ್ಕೆ ಸರಿಸುತ್ತಿದ್ದೆ. ಐದು ಕಡ್ಡಿ ಸರಿಸಿದರೂ ನೋವು ಅಲ್ಲೇ ಇತ್ತು. ಅಷ್ಟು ಚಂದ ಕೂತ ಕ್ಲೀಟುಗಳ ಮೇಲೆ ಅನುಮಾನ ಪಡಲು ಮನಸ್ಸಾಗದೆ ಮಂಡಿಯ ಮೇಲೆಯೇ ಅನುಮಾನಪಟ್ಟೆ.

ಡಿಸೆಂಬರ್ ೨೪ರಂದು ಹವಾಯಿ ಚಪ್ಪಲಿ ಮೆಟ್ಟಿ, ಬಸ್ಸು ಹತ್ತಿ, ಮಾವನ ಮನೆಗೆ ಹೋದೆ. ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲಿ ಬಿಟ್ಟೆ. ಮಾವ ಪೇಪರಿನ ಹಿಂದಿದ್ದ. ಅತ್ತೆ ಬಂದು “ಆಸರಿಗೆ ಎಂತ ಬೇಕು ತಮಾ?” ಎಂದಳು. ಬಂದವರ ಬಾಯಾರಿಕೆಗೆ ಮೊದಲು ವಿಚಾರಿಸುವುದು ನಮ್ಮಲ್ಲಿ ಕ್ರಮ. ಸಿಟ್ಟಿದ್ದರೂ ಆ ಕ್ರಮ ತಪ್ಪುವುದಿಲ್ಲ. ಸಿಟ್ಟಿನವನು ಅದನ್ನು ಹೆಂಡತಿಯಿಂದ ಕೇಳಿಸುತ್ತಾನೆ. ನಾನು ಮಜ್ಜಿಗೆ ಕುಡಿದೆ. ಲೋಟ ಖಾಲಿಯಾಯಿತು. ಪೇಪರು ಇಳಿಯಲಿಲ್ಲ.

ಮೂವತ್ತು ವರ್ಷ ಮನೆಮನೆಯ ಮೆಟ್ಟಿಲ ಬುಡದಲ್ಲಿ ನಿಂತು ಕಾಗದ ಕೊಟ್ಟವನಿಗೆ ಒಂದು ಅಭ್ಯಾಸ ಉಳಿದಿರುತ್ತದೆ. ಒಳಗೆ ಯಾರಿದ್ದಾರೆ, ಯಾರು ಬಂದಿದ್ದಾರೆ ಎಂದು ಅವನು ಚಪ್ಪಲಿ ನೋಡಿ ತಿಳಿಯುತ್ತಿದ್ದ. ಈಗಲೂ ಅವನ ಕಣ್ಣು ಪೇಪರಿನ ಕೆಳ ಅಂಚಿನಿಂದ ನನ್ನ ಚಪ್ಪಲಿಯ ಮೇಲೆ ಇಳಿಯಿತು. ಆಮೇಲೆ ಅವನು ಮಾತಾಡಿದ. ನನ್ನೊಡನೆ ಅಲ್ಲ, ಚಪ್ಪಲಿಯೊಡನೆ ಎಂಬಂತೆ.

“ಬಲದ್ದು ಹೊರಬದಿಗೆ ಸವ್ದಿದ್ದು. ಎಡದ್ದು ಹಂಗಿಲ್ಲೆ.”

ನಾನು ಬಗ್ಗಿ ಚಪ್ಪಲಿ ನೋಡಿದೆ.

“ನಿನ್ನ ಬಲಗಾಲು ಹೊರಗೆ ತಿರುಗ್ತು. ನಿನ್ನ ಆಯಿದೂ ಹಂಗೆಯ, ಯಂದೂ ಹಂಗೆಯ. ನೋಡಿದ್ದಿಲ್ಯ?”

ಇಪ್ಪತ್ತಾರು ವರ್ಷ ಆ ಕಾಲಿನ ಮೇಲೆ ನಿಂತೂ ನಾನು ನೋಡಿರಲಿಲ್ಲ, ತಾಯಿಯದನ್ನೂ ನೋಡಿರಲಿಲ್ಲ. ಮಾತು ಹೇಗೂ ಕಾಲಿಗೆ ಬಂದಿದ್ದರಿಂದ ಶೂವಿನ ವಿಷಯ ಹೇಳಿದೆ: “ಪೆಡಲಿಗೆ ಸಿಕ್ಕಿಕ್ಯತ್ತು ಮಾವ. ಕಾಲು ಬಿಡ್ಸಲೆ ಬತ್ತಿಲ್ಲೆ. ಅದಕ್ಕೇ ನಿಲ್ದೇ ಹೋಗಿದ್ದು.”

ಮಾವ ಪೇಪರನ್ನು ಪೂರ್ತಿ ಮಡಚಿದ. “ಅಲ್ದೋ, ತನ್ನ ಕಾಲು ತಂಗೆ ಬಿಡ್ಸಲೆ ಬತ್ತಿಲ್ಲೆ ಹೇಳಿ ಯಾರಾದ್ರೂ ಹೇಳ್ತ್ವನ? ಸುಳ್ಳು ಹೇಳದಾದ್ರೆ ಚಂದ ಮಾಡಿ ಹೇಳಕ್ಕು.”

ಮುಂದಿನ ಭಾನುವಾರ, ಡಿಸೆಂಬರ್ ೩೧, ನಾನು ಶೂ ಹಾಕಿ ಸೈಕಲ್ಲಿನಲ್ಲಿ ಹೋದೆ. ಮಾವ ಕೂಗಲಿಲ್ಲ, ಆದರೆ ಪೇಪರು ಮಡಿಲಿನಲ್ಲಿತ್ತು. ಏರಿನ ನಡುವೆ, ಅವನ ಮನೆಯ ನೇರಕ್ಕೆ, ತುಳಿಯುವುದನ್ನು ನಿಲ್ಲಿಸಿದೆ. ಹಿಮ್ಮಡಿಯನ್ನು ಪ್ರಾಮಾಣಿಕವಾಗಿ ಹೊರಕ್ಕೆ ತಿರುಚಿದೆ. ಬಿಡಲಿಲ್ಲ. ಸುಳ್ಳುಗಾರ ಎನಿಸಿಕೊಂಡವನಿಗೆ ತಾನು ನಿಜವಾಗಿ ಬೀಳುತ್ತಿದ್ದೇನೆ ಎಂಬುದು ಎಷ್ಟು ಸಮಾಧಾನದ ವಿಷಯ ಎಂದು ಆ ಎರಡು ಸೆಕೆಂಡಿನಲ್ಲಿ ತಿಳಿಯಿತು. ಸೈಕಲ್ಲಿನೊಂದಿಗೆ ರಸ್ತೆಯ ಅಂಚಿನಲ್ಲಿ ಉದುರಿದ ಒಣ ಎಲೆಯ ತೆರಕಿನ ಮೇಲೆ ಮಲಗಿದೆ. ಎರಡೂ ಕಾಲು ಪೆಡಲಿನಲ್ಲೇ ಇದ್ದವು.

ಮಾವ ಬಂದು ಮೇಲಿನಿಂದ ನೋಡಿದ. “ಹೌದಾಗಿತ್ತು” ಎಂದ.

ಅಂಗಳದಲ್ಲಿ ನನ್ನನ್ನು ಮಂಚದ ಮೇಲೆ ಕೂರಿಸಿ, ಕಾಲು ಜೋಲಾಡಿಸಲು ಹೇಳಿ, ತಾನು ನೆಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿದ. ಎಡಪಾದ ನೇರ ತೂಗಿತು. ಬಲಪಾದ ತನ್ನಷ್ಟಕ್ಕೆ ಹೊರಕ್ಕೆ ನೋಡುತ್ತಿತ್ತು. ಬಲಗಾಲಿನ ಕ್ಲೀಟನ್ನು ಪೆಡಲಿನ ಮೇಲೂ ಪಾದ ಹಾಗೆಯೇ ಹೊರಕ್ಕೆ ನೋಡುವಂತೆ ತಿರುಗಿಸಿ ಬಿಗಿದೆವು. ಸ್ಕೇಲು ಕೇಳಿದೆ, ಮಾವ ಕೊಡಲಿಲ್ಲ. ಈಗ ಎರಡು ಶೂಗಳನ್ನು ಮಗುಚಿ ಇಟ್ಟರೆ ಒಂದಕ್ಕೊಂದು ಹೊಂದುವುದಿಲ್ಲ, ನೋಡಲು ಬೇಸರವಾಗುತ್ತದೆ. ಮಂಡಿ ಮಾತ್ರ ಅಂದಿನಿಂದ ದಿನಚರಿಯಲ್ಲಿ ಕಾಣಿಸಿಕೊಂಡಿಲ್ಲ.

ಜನವರಿ ೭ರಂದು ಏರು ಹತ್ತುವಾಗ “ಏ ತಮಾ, ಎಲ್ಲಿಗೆ ಹೊಂಟೆ?” ಎಂಬ ಕೂಗು ಜಗಲಿಯಿಂದ ಬರಲಿಲ್ಲ, ರಸ್ತೆಯಿಂದಲೇ ಬಂತು. ಮಾವ ಪಂಚೆ ಎತ್ತಿಕಟ್ಟಿ ಅಂಚಿನಲ್ಲಿ ನಿಂತಿದ್ದ. ನಾನು ಹತ್ತಿರ ಬಂದದ್ದೇ ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದು ಕೈಯಲ್ಲಿ ಸೀಟು ಹಿಡಿದ.

“ಆನು ಹಿಡ್ಕತ್ತೆ. ನೀನು ಸುಮ್ಮಂಗೆ ಕೂತ್ಕ. ಬೆಳಿಗ್ಗೆ ಎಂತ ತಿಂದಿದ್ದೆ?”

“ತೆಳ್ಳೇವು” ಎಂದೆ. ನಮ್ಮ ಕಡೆಯ ತೆಳು ದೋಸೆ ಅದು.

“ಎಷ್ಟು?”

“ಏಳು.”

“ಸಾಕು, ಯಲ್ಲಾಪುರಕ್ಕೆ ಮುಟ್ತೆ.” ಹಾಗೆಂದು ಮುಂದಕ್ಕೆ ನೂಕಿ ಬಿಟ್ಟ. ಅವನು ಹಿಡಿದಿದ್ದಾಗಲೇ ಶಿರಸಿಯ ಬಸ್ಸು ಎದುರಿಗೆ ಹಾದುಹೋಗಿತ್ತು. ಇಪ್ಪತ್ತಾರು ವರ್ಷದ ಮಾಸ್ತರನೊಬ್ಬ ಮುದುಕನ ಕೈಯಲ್ಲಿ ಸೈಕಲ್ಲು ಹಿಡಿಸಿಕೊಂಡು ಕೂತಿದ್ದನ್ನು ಬಸ್ಸಿನ ಎಡಬದಿಯವರೂ ಎದ್ದು ಬಂದು ನೋಡಿದರು.

ಅಲ್ಲಿಂದ ಇಲ್ಲಿಯವರೆಗೆ ಪ್ರತಿ ಭಾನುವಾರವೂ ಹೀಗೆಯೇ. ಮಾವ ಹಿಡಿಯುತ್ತಾನೆ, ಕೇಳುತ್ತಾನೆ, ನೂಕುತ್ತಾನೆ. ಮೊದಲು ಒಂದು ಕಾಲು ಊರಿ ಅರ್ಧ ನಿಮಿಷ ನಿಲ್ಲುತ್ತಿದ್ದವನು ಈಗ ಐದು ನಿಮಿಷ ನಿಲ್ಲುತ್ತೇನೆ. ಹಿಡಿದವನು ಬಿಡುವವರೆಗೆ ಹೋಗುವ ಹಾಗಿಲ್ಲ. ತೋಟದ ವಿಷಯ, ಅತ್ತೆಯ ಬೆನ್ನುನೋವು, ಹಿಂದೆ ಸೋಂದಾ ಕಡೆಯ ಹಾದಿಯಲ್ಲಿ ಅವನೇ ಸೈಕಲ್ಲಿನಿಂದ ಬಿದ್ದದ್ದು, ಎಲ್ಲ ಈಗಲೇ ತಿಳಿದದ್ದು.

ನಾನು ಮನೆಯ ಗೋಡೆ ಹಿಡಿದು ದಿನಕ್ಕೆ ಐವತ್ತು ಸಲ ಕಾಲು ಬಿಡಿಸುವುದನ್ನು ಅಭ್ಯಾಸ ಮಾಡಿದೆ. ಜನವರಿ ಮುಗಿಯುವುದರೊಳಗೆ ನಿದ್ದೆಗಣ್ಣಿನಲ್ಲೂ ಬಿಡಿಸುವಷ್ಟು ಬಂತು. ಈಗ ಯಾರು ಕರೆದರೂ ಟಕ್ ಎಂದು ಒಂದು ಕಾಲು ಊರುತ್ತೇನೆ. ಆ ಏರಿನಲ್ಲಿ ಮಾತ್ರ ಮಾವ ಅಂಚಿಗೆ ಬಂದು ನಿಲ್ಲುವವರೆಗೆ ನಿಧಾನ ತುಳಿಯುತ್ತೇನೆ. ಕಾಲು ಬಿಡಿಸಲು ಕಲಿತೆ ಎಂದು ಅವನಿಗೆ ಇನ್ನೂ ಹೇಳಿಲ್ಲ.