ಮುಚ್ಚಿದ ಪೆಟ್ಟಿಗೆಯ ತೂಕ

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಬರೆದೇ ಇಲ್ಲ ಎಂದಲ್ಲ. ಒಮ್ಮೆ ನಮ್ಮ ಊರಿನ ವಾಚನಾಲಯದ ಕೈಬರಹದ ಪತ್ರಿಕೆಗೆ ಇದನ್ನೇ ತಮಾಷೆಯ ವಿಜ್ಞಾನ ಪ್ರಸಂಗವಾಗಿ ಬರೆದುಕೊಟ್ಟಿದ್ದೆ. ಓದಿದವರು ನಕ್ಕು ಮೆಚ್ಚಿದರು. ಆ ಬರಹದಲ್ಲಿ ಜೇನು ಪೆಟ್ಟಿಗೆ ನನ್ನದೇ ಆಗಿತ್ತು. ಕೊನೆಗೆ ಹುಳಗಳೆಲ್ಲ ಸುಖವಾಗಿ ಹಾರಿಹೋಗುತ್ತಿದ್ದವು. ಎರಡೂ ಸುಳ್ಳು. ಈಗ ವಯಸ್ಸಾಗಿದೆ, ಒಂದು ಪುಟ ಬರೆಯಲು ಎರಡು ದಿನ ಬೇಕು. ಆದರೂ ನಡೆದದ್ದನ್ನು ನಡೆದ ಹಾಗೆ ಬರೆದಿಟ್ಟು ಹೋಗಬೇಕು.

ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು. ನಾನು ಕಾಸರಗೋಡಿನಲ್ಲಿ ಹೈಸ್ಕೂಲು ಮುಗಿಸಿ, ಪೆರ್ಲದ ಹತ್ತಿರದ ನಮ್ಮ ಮನೆಯಲ್ಲಿ ಕೆಲಸಕ್ಕೆ ಅರ್ಜಿ ಹಾಕುತ್ತ ಕೂತಿದ್ದೆ. ನಮ್ಮ ಕಡೆ ಅಷ್ಟು ಓದಿದವರು ಆಗ ಬೆರಳೆಣಿಕೆಯಷ್ಟು. ಅಂಗಡಿಯ ಬೆಂಚಿನಲ್ಲಿ ಕೂತರೆ ಯಾರಾದರೂ ಕಾಗದ ಓದಿಸಲು ಬರುತ್ತಿದ್ದರು. ನನಗೆ ಅದರ ರುಚಿ ಹತ್ತಿತ್ತು.

ಅಕ್ಕನನ್ನು ಕೊಟ್ಟ ಮನೆ ಬಡವರದ್ದು. ಭಾವನ ತಂದೆ ಮದುವೆ ಮುಂಜಿಗಳ ಅಡಿಗೆಗೆ ಹೋಗುತ್ತಿದ್ದವರು. ಭಾವ ನಾಲ್ಕನೆಯ ತರಗತಿಯಲ್ಲೇ ಶಾಲೆ ಬಿಟ್ಟಿದ್ದರು. ಅವರಿಗೆ ಗೊತ್ತಿದ್ದದ್ದು ಜೇನು. ಮರದ ಪೊಟರೆಯಲ್ಲಿ, ಹುತ್ತದಲ್ಲಿ ಕೂತ ಜೇನನ್ನು ಬರಿಗೈಯಲ್ಲಿ ಎತ್ತಿ, ಅದರ ಮೇಣದ ಎರಿಗಳನ್ನು ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ, ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದರು. ಆಗಾಗ ಹೋಗಿ ಪೆಟ್ಟಿಗೆಯ ಮಗ್ಗುಲಿಗೆ ಅಂಗೈ ಇಟ್ಟು ನಿಲ್ಲುತ್ತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

ಪುತ್ತೂರಿನ ದಾರಿಯ ಒಂದು ಊರಿನಲ್ಲಿ ಜೇನು ಸಾಕಣೆ ಕಲಿಸುವ ಕೇಂದ್ರವೊಂದು ಹೊಸದಾಗಿ ಶುರುವಾಗಿತ್ತು. ಅಲ್ಲಿ ಕೆಲಸ ಕಲಿಸಲು ಒಬ್ಬ ಮೇಸ್ತ್ರಿ ಬೇಕಾಗಿತ್ತು. ತಿಂಗಳ ಸಂಬಳ, ಇರಲು ಎರಡು ಕೋಣೆಯ ಮನೆ. ಅಕ್ಕ ಆಗ ಬಸುರಿ. ಅಲ್ಲಿಯ ಅಧಿಕಾರಿ ಭಾವನ ಕೆಲಸವನ್ನು ಯಾರಿಂದಲೋ ಕೇಳಿ ಹೇಳಿಕಳಿಸಿದ್ದರು: ನೀವೇ ಹಿಡಿದು ಕೂರಿಸಿದ ಒಂದು ಜೇನು ಕುಟುಂಬವನ್ನು ಪೆಟ್ಟಿಗೆ ಸಮೇತ ತನ್ನಿ, ಹುಳ ಎಷ್ಟು ಕ್ಷೇಮವಾಗಿ ಬಂದು ಸೇರುತ್ತದೆ ಎಂಬುದೇ ಪರೀಕ್ಷೆ. ಭಾವನಿಗೆ ಅಧಿಕಾರಿಗಳ ಎದುರು ಮಾತು ಹೊರಡುವುದಿಲ್ಲವೆಂದು ನಾನು ಜೊತೆಗೆ ಹೋಗುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು.

ಜೇನು ಪೆಟ್ಟಿಗೆ ಸಾಗಿಸಲು ಒಂದು ಕ್ರಮವಿದೆ. ಸಂಜೆ ಹುಳಗಳೆಲ್ಲ ಒಳಗೆ ಸೇರಿದ ಮೇಲೆ ಬಾಗಿಲಿಗೆ ತಂತಿಯ ಜಾಲರಿ ಹೊಡೆಯಬೇಕು. ಮೇಲಿನ ಮುಚ್ಚಳ ತೆಗೆದು ಅಲ್ಲಿಗೂ ಜಾಲರಿ. ಬಿಸಿಲು ಏರುವ ಮೊದಲು ತಲುಪಿಸಬೇಕು. ಭಾವ ಹಾಗೆಯೇ ಮಾಡಿ, ಬೆಳಗ್ಗೆ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಪೆರ್ಲಕ್ಕೆ ತಂದರು. ಆದರೆ ಮೊದಲ ಬಸ್ಸು ಎಲ್ಲಿಯೋ ಕೆಟ್ಟು ನಿಂತಿತ್ತು. ಇನ್ನೊಂದು ಬರುವುದು ಹತ್ತೂವರೆಗೆ. ಹೇಗೂ ಸಮಯವಿದೆಯಲ್ಲ ಎಂದು ಭಾವ ಪಟೇಲರಿಂದ ಒಂದು ಗುರುತಿನ ಕಾಗದ ತರಲು ಹೊರಟರು. ಪೆಟ್ಟಿಗೆಯನ್ನು ಅಡಿಕೆ ವ್ಯಾಪಾರದ ಅಂಗಡಿಯ ಜಗಲಿಯಲ್ಲಿ, ನನ್ನ ಪಕ್ಕದಲ್ಲಿ ಇಟ್ಟರು.

“ಎರಡೇ ವಿಷಯ ಭಾವ,” ಎಂದರು. ನಮ್ಮಲ್ಲಿ ಅಕ್ಕನ ಗಂಡನೂ ಹೆಂಡತಿಯ ತಮ್ಮನೂ ಪರಸ್ಪರ ಭಾವ ಎಂದೇ ಕರೆಯುವುದು. “ನೆರಳಿನಲ್ಲಿ ಇರಲಿ. ಜಾಲರಿ ಮುಚ್ಚಬಾರದು. ಮತ್ತೆ ನೀವು ಎಂತದೂ ಮಾಡುವುದು ಬೇಡ.”

ಜಗಲಿಯಲ್ಲಿ ಅಂಗಡಿಯ ಸಾಹುಕಾರರೂ ಎಲಿಮೆಂಟರಿ ಶಾಲೆಯ ಮಾಸ್ಟ್ರೂ ಇದ್ದರು. ಮಾಸ್ಟ್ರು ನನಗೆ ಮೂರನೆಯ ತರಗತಿಯಲ್ಲಿ ಪಾಠ ಹೇಳಿದವರು, ಶಾಲೆಯ ಗಂಟೆಯಾಗುವವರೆಗೆ ಎಲೆಯಡಿಕೆ ಹಾಕುತ್ತ ಅಲ್ಲಿ ಕೂರುವುದು ಅವರ ರೂಢಿ. ಪೆಟ್ಟಿಗೆಯ ಗುಂಯ್ ಸದ್ದು ಕೇಳುತ್ತ ನನಗೆ ಹೈಸ್ಕೂಲಿನ ವಿಜ್ಞಾನದ ಪಾಠದಲ್ಲಿ ಕೇಳಿದ ಒಂದು ಒಗಟು ನೆನಪಾಯಿತು. ನೆನಪಾದದ್ದನ್ನು ಹೇಳದೆ ಇರಲು ನನ್ನಿಂದ ಆಗುತ್ತಿರಲಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ಹಕ್ಕಿ ಕೂತಿದೆ, ಅದನ್ನು ತೂಗಿದೆವು. ಆ ಮೇಲೆ ಹಕ್ಕಿ ಒಳಗೇ ಹಾರತೊಡಗಿತು. ಈಗ ತೂಕ ಕಡಿಮೆಯಾಗುತ್ತದೆಯೋ ಇಲ್ಲವೋ?

“ಹಾರುವ ಕಾಗೆ ಯಾರ ತಲೆಗೆ ಭಾರ ಮಾರಾಯ?” ಎಂದರು ಮಾಸ್ಟ್ರು. “ಅದು ಎದ್ದರೆ ಕೂತ ಮರದ ಗೆಲ್ಲು ಮೇಲೆ ಬರುವುದಿಲ್ವಾ?”

ಕೋಳಿ ಮಾರುವವನು ಕೋಳಿಯನ್ನು ಹಾರಿಸಿ ತೂಗಿದರೆ ಅವನ ಗತಿ ಎಂತ ಎಂದು ಸಾಹುಕಾರರು ಸೇರಿಸಿದರು. ನಾನು ವಿವರಿಸಿದೆ. ಹಾರುವ ಹಕ್ಕಿ ರೆಕ್ಕೆಯಿಂದ ಗಾಳಿಯನ್ನು ಕೆಳಕ್ಕೆ ಒತ್ತುತ್ತದೆ, ಆ ಗಾಳಿ ಪೆಟ್ಟಿಗೆಯ ತಳವನ್ನು ಒತ್ತುತ್ತದೆ, ಪೆಟ್ಟಿಗೆ ಮುಚ್ಚಿರುವುದರಿಂದ ಆ ಭಾರ ಹೊರಗೆ ಹೋಗುವುದಿಲ್ಲ, ತೂಕ ಮೊದಲಿನಷ್ಟೇ. ಮಾಸ್ಟ್ರು ಎಲೆಯಡಿಕೆ ಉಗಿದು ಬಂದು, “ಗಾಳಿಗೆ ತೂಕ ಉಂಟು ಅಂತ ಕಲಿಸಲಿಕ್ಕೆ ಅವರು ನಿನ್ನ ಹತ್ರ ಫೀಸು ತೆಗೊಂಡದ್ದಾ?” ಎಂದರು. ಅಂಗಡಿಗೆ ಬಂದಿದ್ದ ಇಬ್ಬರು ಮೂವರು ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಅಡಿಕೆ ಮೂಟೆ ತೂಗುವ ದೊಡ್ಡ ತಕ್ಕಡಿ ಮಾಡಿನ ತೊಲೆಯಿಂದ ನೇತಾಡುತ್ತಿತ್ತು. ಒಂದು ತಟ್ಟೆಯಲ್ಲಿ ನಾನೇ ಜೇನು ಪೆಟ್ಟಿಗೆ ಇಟ್ಟೆ. ಸಾಹುಕಾರರು ಇನ್ನೊಂದರಲ್ಲಿ ತೂಕದ ಕಲ್ಲು ಇಟ್ಟು, ಉಳಿದ ಸಣ್ಣ ವ್ಯತ್ಯಾಸಕ್ಕೆ ಒಂದು ಹಿಡಿ ಕಾಳುಮೆಣಸು ಹಾಕಿ ಸರಿಮಾಡಿದರು. ನಾನು ಪೆಟ್ಟಿಗೆಗೆ ಬೆರಳಿನ ಗೆಣ್ಣಿನಿಂದ ತಟ್ಟಿದೆ. ಒಳಗೆ ಸದ್ದೆದ್ದಿತು. ತಟ್ಟೆ ಸ್ವಲ್ಪ ಅಲುಗಿತು.

“ನೋಡಿ, ಮೇಲೆ ಹೋಯಿತು,” ಎಂದರು ಮಾಸ್ಟ್ರು.

ಅದು ನನ್ನ ಕೈ ತಗಲಿ ಅಲುಗಿದ್ದು. ಅಷ್ಟು ಹೇಳಿ ನಾನು ಸುಮ್ಮನಿರಬಹುದಿತ್ತು. ಆದರೆ ನಾನು ಹೇಳಿದ್ದು, ಇದು ಮುಚ್ಚಿದ ಪೆಟ್ಟಿಗೆಯಲ್ಲ, ಜಾಲರಿಯಿಂದ ಗಾಳಿ ಹೊರಗೆ ಹೋಗುತ್ತದೆ, ಒಗಟು ಇರುವುದು ಮುಚ್ಚಿದ ಪೆಟ್ಟಿಗೆಯದ್ದು ಎಂದು. ಭಾವ ಹೇಳಿದ ಎರಡನೆಯ ವಿಷಯ ಮರೆತಿರಲಿಲ್ಲ. ಅದನ್ನು ನೆನಪಿಟ್ಟುಕೊಂಡೇ ಮಾಡಿದೆ. ಐದು ನಿಮಿಷ ಎಂದುಕೊಂಡೆ. ಸಾಹುಕಾರರ ಮನೆ ಅಂಗಡಿಯ ಹಿಂದೆಯೇ ಇತ್ತು. ಒಳಗಿನಿಂದ ಒಂದು ಮುಷ್ಟಿ ಅನ್ನ ತರಿಸಿ ನುರಿದು, ಹಳೆಯ ಪತ್ರಿಕೆಯ ಹಾಳೆಗಳಿಗೆ ಮೆತ್ತಿ, ಎರಡೂ ಜಾಲರಿಗಳ ಮೇಲೆ ಎರಡೆರಡು ಪದರ ಅಂಟಿಸಿದೆ. ಹಾಳೆಯ ಭಾರಕ್ಕೆ ಇನ್ನು ನಾಲ್ಕು ಮೆಣಸು ಹಾಕಿ ತಕ್ಕಡಿ ಸರಿಮಾಡಿದೆವು. ಮತ್ತೆ ತಟ್ಟಿದೆ.

ಅಂಥ ಸದ್ದು ನಾನು ಅದುವರೆಗೆ ಕೇಳಿರಲಿಲ್ಲ. ಸದ್ದು ಏರುತ್ತಲೇ ಹೋಯಿತು. ತಟ್ಟೆ ಒಂದು ಕೂದಲಿನಷ್ಟೂ ಕದಲಲಿಲ್ಲ.

ಮಾಸ್ಟ್ರು ಬಗ್ಗಿ ತಟ್ಟೆಯ ಅಡಿ ನೋಡಿದರು, ಸರಪಳಿ ನೋಡಿದರು. ಕೊನೆಗೆ, “ನೀನು ಹೇಳಿದ್ದೇ ಸರಿ ಇರಬಹುದು ಮಾರಾಯ,” ಎಂದು ಹೆಗಲಿನ ಶಾಲು ಸರಿಮಾಡಿಕೊಂಡು ಶಾಲೆಗೆ ಹೋದರು. ಆ ಮಾತಿನ ಅಮಲು ಸಣ್ಣದಲ್ಲ. ಅವರು ಹೋದ ಕೂಡಲೇ ಹಾಳೆ ಕೀಳಬೇಕಾಗಿತ್ತು. ಆದರೆ ಮೆಣಸು ತಂದವರೊಬ್ಬರು ಬಂದರು, ಸಾಹುಕಾರರು ಅವರಿಗೆ ಸಂಗತಿ ಹೇಳಿದರು, ಅವರು ನೋಡಬೇಕೆಂದರು, ನಾನು ತಟ್ಟಿ ತೋರಿಸಿದೆ. ಆ ಮೇಲೆ ಅಂಚೆಯವರು ಬಂದರು. ಅವರಿಗೂ ತೋರಿಸಿದೆ. ನಡುವೆ ಒಳಗಿನಿಂದ ಅವಲಕ್ಕಿ, ಚಹಾ ಬಂತು. ಅದನ್ನೂ ತಿಂದೆ.

ಯಾವಾಗಲೋ ಸದ್ದು ಇಳಿಯಿತು. ಆಗಲೂ ನನಗೆ ಹೊಳೆಯಲಿಲ್ಲ. ಹೊಳೆಯದಿದ್ದದ್ದು ಮಾತ್ರವಲ್ಲ, “ಈಗ ಹುಳ ಕೂತವು ನೋಡಿ, ಆದರೂ ತೂಕ ಅಷ್ಟೇ ಉಂಟು,” ಎಂದು ಅಂಚೆಯವರಿಗೆ ಹೇಳಿದೆ.

ತಟ್ಟೆಯ ಅಂಚಿನಿಂದ ಕಂದು ಬಣ್ಣದ ಒಂದು ಹನಿ ನೆಲಕ್ಕೆ ಬಿತ್ತು. ಹಿಂದೆಯೇ ಇನ್ನೊಂದು. ನಾನು ಮೇಲಿನ ಹಾಳೆ ಹರಿದೆ. ಭತ್ತ ಬೇಯಿಸುವ ಹಂಡೆಯ ಮುಚ್ಚಳ ತೆಗೆದ ಹಾಗೆ ಬಿಸಿ ಮುಖಕ್ಕೆ ಹೊಡೆಯಿತು. ಎರಿಗಳು ಮೆತ್ತಗಾಗಿ ಕುಸಿದಿದ್ದವು, ಹುಳಗಳು ಅವುಗಳದೇ ಜೇನುತುಪ್ಪದಲ್ಲಿ ತೊಯ್ದು ಒಂದರ ಮೇಲೊಂದು ಮುದ್ದೆಯಾಗಿದ್ದವು. ನಾನು ತಕ್ಕಡಿ ನೋಡಿದೆ. ಅದು ಆಗಲೂ ಸಮವಾಗಿಯೇ ನಿಂತಿತ್ತು.

ಹಾಳೆಗಳನ್ನೆಲ್ಲ ಕಿತ್ತು ಉಂಡೆ ಮಾಡಿ ಅಂಗಡಿಯ ಹಿಂದಕ್ಕೆ ಎಸೆದು, ಪೆಟ್ಟಿಗೆಯನ್ನು ಜಗಲಿಗೆ ಇಳಿಸುವುದಕ್ಕೂ ಭಾವ ಬರುವುದಕ್ಕೂ ಸರಿಹೋಯಿತು. ಅವರು ಎಂದಿನಂತೆ ಮೊದಲು ಮಗ್ಗುಲಿಗೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ತೆಗೆಯಲಿಲ್ಲ.

“ಜಾಲರಿ ಮುಚ್ಚಿದ್ದಿರಾ ಭಾವ?”

“ಇಲ್ಲ,” ಎಂದೆ.

ಸಾಹುಕಾರರು ತಟ್ಟೆ ಒರೆಸುತ್ತಿದ್ದವರು ತಲೆ ಎತ್ತಲಿಲ್ಲ. ಆಗಲೇ ಬಸ್ಸು ಬಂತು. ಬೇರೆ ಪೆಟ್ಟಿಗೆ ತರಲು ಸಮಯವಿರಲಿಲ್ಲ, ದಿನ ಬದಲಿಸಲು ಧೈರ್ಯವಿರಲಿಲ್ಲ. ಒಂದು ಮೂಲೆಯಲ್ಲಿ ಒಂದಿಷ್ಟು ಹುಳ ಉಳಿದಿರಬಹುದು, ರಾಣಿ ಇದ್ದರೆ ಸಾಕು ಎಂದು ಭಾವ ಪೆಟ್ಟಿಗೆ ಎತ್ತಿಕೊಂಡರು.

ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ತುಪ್ಪ ಅವರ ಒಗೆದ ಪಂಚೆಗೆ ಇಳಿಯುತ್ತಿತ್ತು. ನಾನು ಅವಸರದಲ್ಲಿ ಹಾಳೆ ಕಿತ್ತದ್ದರಿಂದ ಜಾಲರಿಯ ಕಣ್ಣುಗಳಲ್ಲಿ ಅನ್ನದ ಅಗುಳು ಒಣಗಿ ನಿಂತಿತ್ತು. ಅವರು ಅದನ್ನು ಕಂಡರು. ಕಂಡದ್ದು ನನಗೂ ಗೊತ್ತಾಯಿತು. ಕಿರುಬೆರಳಿನ ಉಗುರಿನಿಂದ ಒಂದೊಂದೇ ಅಗುಳನ್ನು ಬಿಡಿಸಿ ಕಿಟಕಿಯಿಂದ ಹೊರಗೆ ಹಾಕುತ್ತ ಕೂತರು. ಇಳಿಯುವ ಹೊತ್ತಿಗೆ ಜಾಲರಿ ಚೊಕ್ಕವಾಗಿತ್ತು.

ಅಧಿಕಾರಿ ನನ್ನ ಓದಿನ ವಿಷಯ ಕೇಳಿ ಕುರ್ಚಿ ಕೊಟ್ಟರು. ಭಾವ ಪೆಟ್ಟಿಗೆಯ ಹತ್ತಿರ ನಿಂತೇ ಇದ್ದರು. ಅಧಿಕಾರಿ ಜಾಲರಿ ಬಿಚ್ಚಿ, ಒಂದು ಚೌಕಟ್ಟು ಎತ್ತಿದರು. ಎರಿ ಕಳಚಿ ಕೆಳಗೆ ಬಿತ್ತು. ಬದುಕಿದ್ದ ಹುಳ ಒಂದು ಮುಷ್ಟಿಯೂ ಇರಲಿಲ್ಲ. ರಾಣಿಯೂ ಸತ್ತಿತ್ತು. ಗಾಳಿ ಕಟ್ಟಿ ಸತ್ತದ್ದು ಇದು, ಮುಚ್ಚಿದ್ದು ಯಾರು ಎಂದು ಕೇಳಿದರು. ಕೇಳಿದ್ದು ನನ್ನನ್ನು.

“ನಿನ್ನೆ ಸಂಜೆ ಭಾವನೇ ಮುಚ್ಚಿದ್ದು ಸಾರ್,” ಎಂದೆ.

ಜಾಲರಿ ಹೊಡೆದು ಮುಚ್ಚಿದ್ದು ಅವರೇ, ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕಾಗಿಯೇ ಅದನ್ನು ಆರಿಸಿಕೊಂಡಿದ್ದೆ. ಅಧಿಕಾರಿ ಭಾವನ ಕಡೆ ತಿರುಗಿದರು. ಭಾವ ನನ್ನನ್ನು ನೋಡಿದರು. ಹೆಂಡತಿಯ ತವರಿನವನನ್ನು ನಾಲ್ಕು ಜನರ ಎದುರು ಸುಳ್ಳುಗಾರನೆನ್ನುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತಿತ್ತು.

“ಹೌದು. ನನ್ನ ಕೈಯಿಂದಲೇ ತಪ್ಪಾಯಿತು,” ಎಂದರು.

ಅಧಿಕಾರಿ ಒಳ್ಳೆಯ ಮನುಷ್ಯ. ಬೈಯಲಿಲ್ಲ. ಕಲಿಸುವವರಿಗೇ ಇಷ್ಟು ತಿಳಿಯದಿದ್ದರೆ ಹೇಗೆ ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು. ಆ ಕೆಲಸ ಬೇರೆಯವರಿಗೆ ಆಯಿತು.

ಸುದ್ದಿ ನಮಗಿಂತ ಮೊದಲೇ ಊರು ಸೇರಿದ ಹಾಗಿತ್ತು. ಜೇನು ಸಾಕುವವನೇ ಉಸಿರು ಕಟ್ಟಿಸಿ ಜೇನು ಕೊಂದ ಎಂದು ಜನ ಆಡಿಕೊಂಡರು. ಆ ಮೇಲೆ ಪೊಟರೆಯ ಜೇನು ಹಿಡಿಯಲು ಅವರನ್ನು ಯಾರೂ ಕರೆಯಲಿಲ್ಲ. ಉಳಿದ ಪೆಟ್ಟಿಗೆಗಳನ್ನು ಅವರು ಕೇಳಿದವರಿಗೆ ಕೊಟ್ಟುಬಿಟ್ಟರು. ಅಕ್ಕನಿಗೆ ಮಗುವಾದ ವರ್ಷವೇ ಸಂಸಾರ ಕಟ್ಟಿಕೊಂಡು ಬಂದ್ಯೋಡಿನ ಕಡೆಗೆ ಹೋದರು, ಅಲ್ಲಿ ಕೆಂಪುಕಲ್ಲು ಕಡಿಯುವ ಕೆಲಸಕ್ಕೆ. ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು.

ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ. ಕಚೇರಿಯಲ್ಲಿ ನಾವೆಲ್ಲ ಮಲಯಾಳ ಅಕ್ಷರ ತಿದ್ದುತ್ತಿದ್ದ ಕಾಲ. ಒಂದು ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಭಾವ, ನಾನು ಮೆಟ್ಟಿಲಲ್ಲಿ ಕೂತಿದ್ದೆವು. ಅವರ ಉಗುರಿನ ಸಂದಿಗಳಲ್ಲಿ ಕಲ್ಲಿನ ಕೆಂಪು ಹುಡಿ ಕಾಯಂ ಆಗಿ ನಿಂತುಬಿಟ್ಟಿತ್ತು. ಅವರು ಆ ಉಗುರುಗಳನ್ನೇ ನೋಡಿಕೊಳ್ಳುತ್ತ ಕೇಳಿದರು:

“ಅಲ್ಲ ಭಾವ, ಆ ದಿನ ತಕ್ಕಡಿ ಎಂತ ಆಯಿತು? ಮೇಲೆ ಹೋಯಿತಾ?”

ಯಾರು ಹೇಳಿದ್ದೆಂದು ನಾನು ಕೇಳಲಿಲ್ಲ. ಅವರ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ಮೇಲೆಯೂ ಹೋಗಲಿಲ್ಲ, ಕೆಳಗೆಯೂ ಬರಲಿಲ್ಲ ಎಂದೆ. ಹಾರುವಾಗಲೂ ತೂಕ ಅಷ್ಟೇ ಇರುತ್ತದೆ ಎಂದು, ಗಾಳಿ, ರೆಕ್ಕೆ, ಪೆಟ್ಟಿಗೆಯ ತಳ ಎಲ್ಲವನ್ನೂ ಮತ್ತೆ ವಿವರಿಸಿದೆ. ಅವರು ಕೊನೆಯವರೆಗೆ ಕೇಳಿದರು.

“ಹುಳ ಪೆಟ್ಟಿಗೆಯ ಒಳಗೆ ಹಾರುವುದೇ ಇಲ್ಲ ಭಾವ. ಹಾರಲಿಕ್ಕೆ ಜಾಗ ಎಲ್ಲಿ ಉಂಟು? ಎರಿಗೆ ಕಾಲು ಕಚ್ಚಿ ಕೂತಲ್ಲೇ ರೆಕ್ಕೆ ಬೀಸುವುದು, ಒಳಗೆ ಬಿಸಿ ಆದಾಗ. ನೀವು ಕೇಳಿದ ಸದ್ದು ಹಾರಿದ್ದಲ್ಲ. ಗಾಳಿಗೆ ಬೀಸಿದ್ದು.” ಮತ್ತೆ ಉಗುರಿನ ಹುಡಿ ಕೆದಕುತ್ತ ಹೇಳಿದರು, “ನನ್ನ ಹತ್ರ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆನಲ್ಲ.”

ನನ್ನ ತಪ್ಪು ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಮತ್ತೆ ಸಿಗಲಿಲ್ಲ. ಅವರೇ ಬಾಗಿಲು ತೆರೆದು ಕೊಟ್ಟಿದ್ದರು. ನಾನು ಹೇಳಿದ್ದೇನೆಂದರೆ, ಕೂತು ಬೀಸಿದರೂ ಲೆಕ್ಕ ಅದೇ, ತೂಕ ಬದಲಾಗುವುದಿಲ್ಲ ಎಂದು. ಅವರು ಹೌದೆನ್ನುವ ಹಾಗೆ ತಲೆಯಾಡಿಸಿ, ಬಸ್ಸಿಗೆ ಹೊತ್ತಾಗುತ್ತದೆ, ಭಾವನಿಗೆ ಕಾಫಿ ಕೊಡು ಎಂದು ಒಳಗೆ ಅಕ್ಕನನ್ನು ಕೂಗಿದರು.

ಭಾವ ತೀರಿಕೊಂಡು ಬಹಳ ಕಾಲವಾಯಿತು. ಅಕ್ಕನೂ ಹೋದಳು, ಅವಳಿಗೆ ಅವರು ಹೇಳಿರಲಿಲ್ಲ ಎಂದೇ ನನಗೆ ಅನಿಸುತ್ತದೆ, ಹೇಳಿದ್ದರೆ ಅವಳು ನನಗೆ ಅಷ್ಟು ವರ್ಷ ಕಾಫಿ ಕೊಡುತ್ತಿರಲಿಲ್ಲ. ಈಗ ಇದನ್ನು ಬರೆದು ಯಾರ ಮುಂದೆ ಇಡಲಿ ಎಂದು ಕೆಲವು ದಿನ ಯೋಚಿಸಿದೆ. ಆ ಅಧಿಕಾರಿಯಿಂದ, ಮಾಸ್ಟ್ರಿಂದ, ಆಡಿಕೊಂಡ ಊರಿನವರಿಂದ ನನಗೆ ಬೇಕಾದದ್ದೇನೂ ಇಲ್ಲ. ನಾನು ಕ್ಷಮೆ ಕೇಳಬೇಕಾಗಿದ್ದದ್ದು, ಕೇಳದೆ ಉಳಿದದ್ದು ಒಬ್ಬರಲ್ಲಿ ಮಾತ್ರ, ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಅನ್ನದ ಅಗುಳು ಬಿಡಿಸಿದ ನನ್ನ ಅಕ್ಕನ ಗಂಡನಲ್ಲಿ, ನನ್ನ ಭಾವನಲ್ಲಿ.