ಬಕ್ರಂ ಹಾಕಿದ ಪಟ್ಟಿ

ಆಸ್ಪತ್ರೆಗೆ ಜೊತೆಗೆ ಬಾ ಎಂದು ತಮ್ಮ ಕರೆದಾಗ ನಾನು ಹೋಗಲಿಲ್ಲ. ಕೆಲಸವಿತ್ತು ಎಂದು ಆಗ ಎಲ್ಲರಿಗೂ ಹೇಳಿದೆ. ಕೆಲಸವೇನೋ ಇತ್ತು, ದರ್ಜಿಗೆ ಕೆಲಸ ಯಾವಾಗ ಇರುವುದಿಲ್ಲ? ಆದರೆ ಹೋಗದೆ ಉಳಿದದ್ದು ಅದಕ್ಕಲ್ಲ. ನನಗೆ ನಾಚಿಕೆಯಾಗಿತ್ತು. ಅವನ ಮೈಯ ಬಗ್ಗೆ ಅವನಿಗಿಂತ ನಾನೇ ಹೆಚ್ಚು ನಾಚಿಕೊಂಡಿದ್ದೆ.

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ಅಂಗಿಯ ಗುಂಡಿಗೆ ಕಾಜಾ ಹಾಕುವುದರಿಂದ ಶುರುಮಾಡಿ, ಶಿಕಾರಿಪುರದಲ್ಲಿ ಸ್ವಂತ ಹೊಲಿಗೆ ಅಂಗಡಿ ಇಟ್ಟೆ. ತಮ್ಮ ಸೊರಬದಲ್ಲಿ ಖಾನಾವಳಿ ನಡೆಸುತ್ತಿದ್ದ. ಮದುವೆಯಾಗಿರಲಿಲ್ಲ. ಅಡಿಕೆ ಮಾರಲು ಬಂದವರು, ತಾಲ್ಲೂಕು ಆಫೀಸಿನವರು, ಬಸ್ಸು ತಪ್ಪಿಸಿಕೊಂಡವರು ಎಲ್ಲರೂ ಅವನಲ್ಲಿಗೇ ಊಟಕ್ಕೆ ಬರುತ್ತಿದ್ದರು. ರೊಟ್ಟಿಯ ರುಚಿ ಒಂದು ಕಾರಣ, ಇನ್ನೊಂದು ಕಾರಣ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಅವನ ಗಾತ್ರ. ಅಷ್ಟು ದಪ್ಪ ಇರುವ ಸಾವ್ಕಾರನ ಊಟ ಕೆಟ್ಟದಿರಲಾರದು ಎಂದು ಜನ ಅಂದುಕೊಳ್ಳುತ್ತಿದ್ದರು. ಡಾಕ್ಟರ ಮನೆಯ ತೂಕದ ಯಂತ್ರದ ಮುಳ್ಳು ಅವನು ಹತ್ತಿದರೆ ಕೊನೆಗೆ ಹೋಗಿ ನಿಂತುಬಿಡುತ್ತಿತ್ತು. ಸರಿಯಾದ ತೂಕ ಬೇಕಾದರೆ ಮಂಡಿಗೆ ಹೋಗಿ ಅಡಿಕೆ ಮೂಟೆ ತೂಗುವ ಕಾಟಾದ ಮೇಲೆ ನಿಲ್ಲಬೇಕು. ಅಲ್ಲಿನ ಹಮಾಲರು, "ಸಾವ್ಕಾರ್ರೆ, ಚೀಲದ ತೂಕ ಕಳೀಬೇಕಾ, ಹಂಗೇ ಬರ್ಕೊಳ್ಳದಾ?" ಎಂದು ನಗುತ್ತಿದ್ದರು. ಅವನೂ ನಗುತ್ತಿದ್ದ.

ಮೊಣಕಾಲು ಸೋತು, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ ಎಂದು ಡಾಕ್ಟರು ಹೇಳಿದ ಮೇಲೆ ಅವನ ನಗು ನಿಂತಿತು. ತನ್ನ ಖಾನಾವಳಿಯ ಊಟವನ್ನು ತಾನೇ ಬಿಟ್ಟ. ಬೆಳಿಗ್ಗೆ ಉಳವಿ ರಸ್ತೆಯಲ್ಲಿ ನಡೆಯುತ್ತಿದ್ದ. ಮೊದಮೊದಲು ಮೈಲಿಗಲ್ಲಿನ ಮೇಲೆ ಕೂತು ಕೂತು ಹೋಗುತ್ತಿದ್ದವನು ಆಮೇಲೆ ಕೂರುವುದನ್ನು ಮರೆತ. ಒಂದು ರೊಟ್ಟಿ, ಸೊಪ್ಪಿನ ಪಲ್ಯ, ಮಜ್ಜಿಗೆ. ಎರಡು ವರ್ಷದಲ್ಲಿ ಅರ್ಧ ಮನುಷ್ಯನಾದ. ಗಿರಾಕಿಗಳು, "ಎಂತ ಮಾರಾಯ್ರೆ, ನಿಮ್ಮೂಟ ನಿಮಗೇ ಸೇರದಿಲ್ಲ ಅಂದ್ರೆ ನಮ್ಮ ಗತಿ ಎಂತ?" ಎಂದು ಕೇಳುತ್ತಿದ್ದರಂತೆ.

ಅವನ ಬಟ್ಟೆಗಳನ್ನೆಲ್ಲ ಬಿಚ್ಚಿ ಚಿಕ್ಕದು ಮಾಡಿದವನು ನಾನೇ. ಒಂದು ಪ್ಯಾಂಟನ್ನು ಮಾತ್ರ ಹಾಗೇ ಉಳಿಸಿಕೊಂಡು ಅಂಗಡಿಯ ಮುಂದಿನ ಮೊಳೆಗೆ ತೂಗುಹಾಕಿದೆ. ಬಂದವರಿಗೆಲ್ಲ, "ಇದು ನನ್ನ ತಮ್ಮಂದು ನೋಡ್ರಿ, ಒಂದು ಕಾಲಲ್ಲಿ ಈಗ ಅವನು ಪೂರ್ತಿ ಇಳೀತಾನೆ" ಎಂದು ತೋರಿಸುತ್ತಿದ್ದೆ. ಅವನ ಸಾಧನೆಯನ್ನು ನಾನು ಹೊಗಳುತ್ತಿದ್ದೇನೆ ಎಂದೇ ತಿಳಿದಿದ್ದೆ. ಅವನು ಬಂದಾಗಲೆಲ್ಲ ಒಮ್ಮೆ ಅದನ್ನು ನೋಡಿ, ಕೆಳಗಿನ ಬೆಂಚಿನ ಮೇಲೆ ಪ್ಯಾಂಟಿಗೆ ಬೆನ್ನು ಮಾಡಿ ಕೂರುತ್ತಿದ್ದ.

ಸಣ್ಣಗಾದ ವರ್ಷದ ದೀಪಾವಳಿಗೆ ಅವನು ಎಣ್ಣೆ ಹಚ್ಚಿಸಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ನೀರು ತುಂಬುವ ಹಬ್ಬದ ಮರುದಿನ ಬೆಳಿಗ್ಗೆ ಗಂಡಸರು ಅಂಗಿ ಬಿಚ್ಚಿ ಮಣೆಯ ಮೇಲೆ ಕೂರುತ್ತಾರೆ. ಅವ್ವ ನೆತ್ತಿಗೆ ಎಣ್ಣೆ ಇಡುತ್ತಾಳೆ, ಆಮೇಲೆ ದೊಡ್ಡವನು ಚಿಕ್ಕವನ ಬೆನ್ನು ತಿಕ್ಕಬೇಕು. ಅಪ್ಪ ಇದ್ದಾಗಿನಿಂದ ನಡೆದು ಬಂದದ್ದು. ತಮ್ಮನ ಬೆನ್ನು ಯಾವಾಗಲೂ ನನ್ನ ಪಾಲಿನದು. ಪ್ರತಿವರ್ಷ ಹಿಂದಿನ ದಿನವೇ ಬಂದು ಉಳಿಯುತ್ತಿದ್ದವನು ಆ ಸಲ ಹಬ್ಬದ ದಿನ ಹೊತ್ತೇರಿದ ಮೇಲೆ ಬಸ್ಸಿಳಿದ.

"ಸ್ನಾನ ಆತವ್ವ, ಅಲ್ಲೇ ಮಾಡ್ಕೊಂಡು ಬಂದೆ" ಎಂದ.

"ಹಬ್ಬದ ನೀರು ಖಾನಾವಳೀಲಿ ಹಾಕ್ಕೊಂಡು ಬಂದ್ಯಾ? ನಾವೇನು ಸತ್ತೀವಾ?" ಎಂದಳು ಅವ್ವ.

ನಾನೂ ಬಿಡಲಿಲ್ಲ. "ಈಗ ಸಣ್ಣ ಆಗ್ಯಾನಲ್ಲ, ನಮ್ಮ ಎಣ್ಣೆ ಅವನಿಗೆ ಹಿಡಿಸಲ್ಲ" ಎಂದೆ. ಅವನು ಹೆಗಲ ಮೇಲಿನ ಟವೆಲನ್ನು ಎದೆಯ ಮೇಲೆ ಇನ್ನಷ್ಟು ಎಳೆದುಕೊಂಡು ಜಗಲಿಗೆ ಹೋದ. ಸಣ್ಣಗಾದ ಮೇಲೂ ಟವೆಲು ಯಾಕೆ ಎಂದು ನಾನು ಯೋಚಿಸಲಿಲ್ಲ.

ಕಾರಣ ತಿಳಿದದ್ದು ಒಂದು ತಿಂಗಳ ಮೇಲೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಅಂಗಡಿಗೆ ಬಂದ. ಅಳತೆ ನೋಡಲು ಕಟ್ಟಿದ್ದ ಪರದೆಯ ಹಿಂದೆ ಕರೆದು ಅಂಗಿ ಎತ್ತಿದ. ಒಳಗಿದ್ದ ಬೊಜ್ಜು ಹೋಗಿತ್ತು, ಚರ್ಮ ಹಾಗೇ ಉಳಿದಿತ್ತು. ಹೊಟ್ಟೆಯಿಂದ ಅದು ಮಡಿಕೆ ಬಿದ್ದು ಸೊಂಟದ ಕೆಳಗೆ ಜೋತು ಬಿದ್ದಿತ್ತು. ಎದೆಯೂ ಇಳಿದಿತ್ತು. ಮಡಿಕೆಯ ಕೆಳಗೆ ಬೆವರು ನಿಂತು ಕೆಂಪಗೆ ಬೆಂದಿತ್ತು.

"ನಡೆದ್ರೆ ತಿಕ್ತದೆ ಅಣ್ಣಾ. ಬೇಸಿಗೇಲಿ ವಾಸನೆ ಬರ್ತದೆ. ಜನ ಊಟ ಮಾಡೋ ಜಾಗ ನಂದು" ಎಂದ.

ನಾನು ಡಾಕ್ಟರನ್ನು ನೆನೆಯಲಿಲ್ಲ. ಕೈ ತಾನಾಗಿ ಟೇಪಿಗೆ ಹೋಯಿತು. ಹೆಚ್ಚಾದದ್ದನ್ನು ಮಡಚಿ ಒಳಗೆ ಹಾಕಿ ಮೇಲೆ ಕಾಣದಂತೆ ಮಾಡುವುದು ನನ್ನ ಕಸುಬು. ದಪ್ಪ ಬಟ್ಟೆಗೆ ಕಾಲರಿಗೆ ಹಾಕುವ ಬಕ್ರಂ ಕೂಡಿಸಿ, ಎರಡು ಸಾಲು ಹುಕ್ಕು ಇಟ್ಟು ಅಗಲವಾದ ಒಂದು ಪಟ್ಟಿ ಹೊಲಿದೆ. ಬಕ್ರಂ ಗಟ್ಟಿಯಾದ್ದರಿಂದ ಪಟ್ಟಿ ಸುರುಳಿ ಸುತ್ತಿಕೊಳ್ಳುವುದಿಲ್ಲ, ಚರ್ಮವನ್ನು ಎತ್ತಿ ಹಿಡಿಯುತ್ತದೆ. ಅದನ್ನು ಬಿಗಿದು ಅಂಗಿ ತೊಟ್ಟರೆ ತಮ್ಮ ಕಾಲೇಜು ಹುಡುಗನ ಹಾಗೆ ಕಂಡ. "ನೋಡಿದ್ಯಾ, ಆಪರೇಶನ್ ಇಲ್ದೇ ಆತು" ಎಂದೆ. ಹಾಗೆಂದದ್ದು ನನಗೆ ಚೆನ್ನಾಗಿ ನೆನಪಿದೆ. ಅವನು ಇನ್ನೂ ಆಪರೇಶನ್ ಮಾತನ್ನೇ ಎತ್ತಿರಲಿಲ್ಲ.

ಬಕ್ರಂನಲ್ಲಿ ಗಾಳಿ ಆಡುವುದಿಲ್ಲ. ಒಲೆಯ ಪಕ್ಕ ದಿನವಿಡೀ ಓಡಾಡುವವನಿಗೆ ಅದನ್ನು ಕಟ್ಟಿದರೆ ಏನಾದೀತು ಎಂದು ಹೊಲಿಗೆ ಕಲಿಯುವ ಹುಡುಗನೂ ಹೇಳಬಲ್ಲ. ಅವನು ಪಟ್ಟಿಯನ್ನು ರಿಪೇರಿಗೆ ಕೊಟ್ಟಾಗ ಒಳಬಟ್ಟೆಯ ಮೇಲೆ ಕೆಂಪು, ಹಳದಿ ಕಲೆ ಇದ್ದವು. ನೋಡಿದೆ. ಒಳಬಟ್ಟೆ ಬದಲಿಸಿ, ಹುಕ್ಕು ಭದ್ರ ಮಾಡಿ, ಇಸ್ತ್ರಿ ಹಾಕಿ ಕೊಟ್ಟೆ.

ಬೇಸಿಗೆಯಲ್ಲಿ ಗಾಯ ಕೀವಾಗಿ ಜ್ವರ ಬಂತು. ಶಿವಮೊಗ್ಗದ ಚರ್ಮದ ಡಾಕ್ಟರು ಮೊದಲು ಬೈದು ಆಮೇಲೆ ಔಷಧಿ ಬರೆದರಂತೆ. ಮುಲಾಮಿನಿಂದ ಗಾಯ ಮಾಯುತ್ತದೆ, ಮಡಿಕೆ ಇರುವತನಕ ಮತ್ತೆ ಆಗುತ್ತದೆ, ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಆ ಚರ್ಮ ಕತ್ತರಿಸಿ ತೆಗೆದು ಹೊಲಿಯುತ್ತಾರೆ ಎಂದರಂತೆ. ತಮ್ಮ ಅಲ್ಲಿಗೂ ಹೋಗಿ ತೋರಿಸಿಕೊಂಡು ಬಂದ. ತೂಕ ಒಂದು ವರ್ಷ ಏರದೆ ಇಳಿಯದೆ ನಿಲ್ಲಲಿ, ಆಮೇಲೆ ಬಾ ಎಂದು ಅಲ್ಲಿನವರು ಕಳಿಸಿದ್ದರು. ಆ ವರ್ಷವನ್ನೂ ಅವನು ಕಾದ, ಮಂಡಿಯ ಕಾಟಾದ ಮೇಲೆ ನಿಂತು ನಿಂತು. ನಡುವಿನ ದೀಪಾವಳಿಗೂ ಹೊತ್ತೇರಿದ ಮೇಲೆಯೇ ಬಂದ. ನನಗೆ ಹೇಳಿದ್ದು ಆಪರೇಶನ್ನಿನ ದಿನವೂ ನಿಕ್ಕಿಯಾದ ಮೇಲೆ.

ನಮ್ಮ ಮನೆಯ ಅಡಿಗೆಮನೆಯಲ್ಲಿ ಚಹಾ ಕುಡಿಯುತ್ತ ಹೇಳಿದ. "ಪ್ಲಾಸ್ಟಿಕ್ ಸರ್ಜರಿ ಅಂತಾರೆ ಅದಕ್ಕೆ."

"ಯವ್ವಾ, ಹೊಟ್ಟೀಗೆ ಪ್ಲಾಸ್ಟಿಕ್ ಹಾಕ್ತಾರಾ?" ಎಂದಳು ಅವ್ವ.

"ಹಾಕದಲ್ಲ, ತೆಗಿಯದು. ಗಂಡಸರ ವಾರ್ಡಲ್ಲಿ ಮನೆಯವ್ರು ಒಬ್ರು ಗಂಡಸು ಜೊತೆಗಿರಬೇಕಂತೆ. ಅಣ್ಣಾ, ನೀ ಬರ್ತೀಯಾ?"

ನಾನು ಚಹಾ ಕೆಳಗಿಟ್ಟೆ. "ಕಾಯಿಲೆ ಅಂದ್ರೆ ಬರ್ತಿದ್ದೆ. ಮೈ ಚೆಂದ ಮಾಡಿಸ್ಕೊಳ್ಳಾಕೆ ಹೋಗೋನ ಹಿಂದೆ ನಾ ಬರಲ್ಲ. ಈ ಶೋಕಿ ಮದುವೆಗಿರೋ ಹುಡುಗೀರೂ ಮಾಡಲ್ಲ" ಎಂದೆ.

ಅವನು ಲೋಟ ತೊಳೆದಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದ. ಕೀವಿನ ಕಲೆಯನ್ನು ಕಣ್ಣಾರೆ ಕಂಡವನು ನಾನೊಬ್ಬನೇ. ಶೋಕಿ ಎಂದವನೂ ನಾನೇ.

ಅವನ ಜೊತೆಗೆ ಹೋದದ್ದು ಖಾನಾವಳಿಯ ಅಡಿಗೆಯಾತ. ಅವರಿಬ್ಬರೂ ಬಸ್ಸು ಹತ್ತಿದ ದಿನ ನನ್ನ ಹೆಂಡತಿ ಅಂಗಡಿಗೇ ಬಂದಳು. ಹಾಗೆ ಬರುವವಳಲ್ಲ.

"ರೊಟ್ಟಿ ಬಡಿಯೋನಿಗೆ ನಿಮ್ಮ ತಮ್ಮ ಬೇಕಾದ, ನಿಮಗೆ ಬ್ಯಾಡಾದ. ಆ ಪ್ಯಾಂಟು ಇಳಸ್ರಿ ಮೊದ್ಲು" ಎಂದಳು.

"ಅದೇನು ಮಾಡೈತೆ ನಿಂಗೆ?"

"ನನಗೇನಲ್ಲ. ಅವರು ಬಂದಾಗೆಲ್ಲ ಅದಕ್ಕೆ ಬೆನ್ನು ಹಾಕಿ ಕೂರ್ತಾರೆ. ಇಷ್ಟು ವರ್ಷ ಟೇಪು ಹಿಡಿದೀರಿ, ಅಷ್ಟು ಕಾಣಲಿಲ್ವ?"

ಅವಳು ಹೋದ ಮೇಲೆ ಪ್ಯಾಂಟು ಇಳಿಸಿ ಮಡಚಿ ಮೆಷಿನ್ನಿನ ಕೆಳಗೆ ಇಟ್ಟೆ. ಮೊಳೆ ಬರಿದಾಗಿ ನಿಂತಿತು. ಆ ದಿನಗಳಲ್ಲಿ ನಾನು ಹೊಲಿದದ್ದರಲ್ಲಿ ಒಂದೂ ನೆಟ್ಟಗಿರಲಿಲ್ಲ, ಒಂದು ಅಂಗಿಗೆ ಎರಡೂ ತೋಳು ಬಲಗೈಯದೇ ಕೂಡಿಸಿದ್ದೆ. ಹೋಗಿಬಿಡಲೇ ಎಂದು ಬಸ್ ಸ್ಟ್ಯಾಂಡಿನವರೆಗೂ ಹೋಗಿ ಬಂದೆ. ಯಾವ ಮುಖ ಇಟ್ಟುಕೊಂಡು ವಾರ್ಡಿನ ಬಾಗಿಲಲ್ಲಿ ನಿಲ್ಲಲಿ ಎಂದು ತಿರುಗಿದೆ.

ಪಕ್ಕದ ಎಸ್.ಟಿ.ಡಿ. ಬೂತಿಗೆ ಅಡಿಗೆಯಾತ ಫೋನು ಮಾಡಿದ. "ಆತ್ರಿ, ಎಲ್ಲ ಆತು. ಎಚ್ಚರಾತು. ನೀರು ಕೇಳಿದ್ರು, ಆಮೇಲೆ ಖಾನಾವಳಿ ಬಾಗ್ಲು ಹಾಕಿದ್ಯಾ ಅಂತ ಕೇಳಿದ್ರು." ಫೋನು ಇಟ್ಟು ಬೂತಿನ ಗಾಜಿಗೆ ಹಣೆ ಒರಗಿಸಿ ನಿಂತೆ. ಎಷ್ಟೋ ದಿನದಿಂದ ಎದೆಯ ಮೇಲೆ ಯಾರೋ ಕೂತಿದ್ದವರು ಎದ್ದುಹೋದ ಹಾಗಾಯಿತು. ಬೂತಿನವನು, "ಯಾರಿಗೆ ಏನಾತ್ರಿ?" ಎಂದ. "ಏನೂ ಆಗ್ಲಿಲ್ಲ. ಚೆನ್ನಾಗಾದ" ಎಂದೆ.

ಅವನು ಸೊರಬಕ್ಕೆ ಬಂದ ಮೇಲೆ ನೋಡಲು ಹೋದೆ. ಮೂಸಂಬಿ ಒಯ್ದೆ. ನೆಟ್ಟಗೆ ನಿಂತರೆ ಹೊಲಿಗೆ ಎಳೆಯುತ್ತದೆಂದು ಮುದುಕನ ಹಾಗೆ ಬಾಗಿ ನಡೆಯುತ್ತಿದ್ದ. ಮುಖ ಮಾತ್ರ ತಿಳಿಯಾಗಿತ್ತು. ಆಪರೇಶನ್ನಿನ ಮೊದಲು ಡಾಕ್ಟರು ತನ್ನನ್ನು ನಿಲ್ಲಿಸಿ, ಮೈಮೇಲೆ ಪೆನ್ನಿನಿಂದ ಗೆರೆ ಎಳೆದರು ಎಂದು ಹೇಳಿ ನಕ್ಕ. "ನಿನ್ನ ಹಂಗೇ ಅಣ್ಣಾ. ಎಳೆದು ನೋಡದು, ಒಂಚೂರು ಹಿಂದೆ ಸರಿದು ನೋಡದು, ಮತ್ತೆ ಎಳೆಯದು. ಚಾಕ್‌ಪೀಸು ಕಿವಿಗೆ ಸಿಗಿಸಿರ್ಲಿಲ್ಲ ಅಷ್ಟೆ." ಗಾಯದ ನೀರು ಹೋಗಲು ಇಟ್ಟಿದ್ದ ನಳಿಗೆಗಳನ್ನು ತೆಗೆದಿದ್ದರು. ಒಂದು ಮೂಲೆಯಲ್ಲಿ ಹೊಲಿಗೆ ಸ್ವಲ್ಪ ಬಿಟ್ಟು, ಅದಕ್ಕೆ ಡ್ರೆಸಿಂಗ್ ನಡೆದಿತ್ತು. ಹೊಟ್ಟೆಗೆ ಮೆತ್ತನೆಯ, ಹಿಗ್ಗುವ ಒಂದು ಪಟ್ಟಿ ಸುತ್ತಿದ್ದರು.

"ಇದನ್ನ ಒಗೆದು ಹಾಕಿದ್ರೆ ಒಣಗತನ ಇನ್ನೊಂದಿಲ್ಲ. ಹಿಂಗೇ ಒಂದು ಹೊಲಿದು ಕೊಡ್ತೀಯಾ?" ಎಂದ.

ನನ್ನ ಪಟ್ಟಿಯಿಂದ ಹುಣ್ಣಾದವನು ನನ್ನನ್ನೇ ಪಟ್ಟಿ ಕೇಳಿದ. ಆಗಲೇ ಹೇಳಬೇಕಾಗಿತ್ತು. ಬಾಯಿಗೆ ಬಂದದ್ದು, "ಬಟ್ಟೆ ಡಾಕ್ಟರಿಗೆ ತೋರಿಸಿ ಆಮೇಲೆ ಕಟ್ಕೋ" ಎಂಬುದಷ್ಟೇ. ಹಳೆಯ ಧೋತರದ ಮೆತ್ತನೆಯ ಬಟ್ಟೆಗೆ ಅಗಲ ಎಲಾಸ್ಟಿಕ್ ಕೂಡಿಸಿ, ಗಂಟು ಎಲ್ಲೂ ಒಳಗೆ ಬರದ ಹಾಗೆ ಹೊಲಿದೆ. ಹೊಲಿದ ಮೇಲೆ ನಾನೇ ಒಂದು ದಿನ ಇಡೀ ಕಟ್ಟಿಕೊಂಡು ಕೂತು ನೋಡಿ ಕಳಿಸಿದೆ. ಡಾಕ್ಟರು ನೋಡಿ ಆಗಬಹುದು ಎಂದರಂತೆ.

ಮಳೆಗಾಲ ಕಳೆಯಿತು. ಗಾಯ ಪೂರ್ತಿ ಕೂಡಿತು, ತಮ್ಮ ನೆಟ್ಟಗಾದ, ಉಳವಿ ರಸ್ತೆಯ ನಡಿಗೆ ಮತ್ತೆ ಶುರುವಾಯಿತು. ದೀಪಾವಳಿ ಬಂತು. ಅವನು ಬರುವುದು ಹಿಂದಿನ ದಿನವೋ, ಹೊತ್ತೇರಿದ ಮೇಲೋ ಎಂದು ಅವ್ವ ಬಾಗಿಲಿಗೂ ಹಂಡೆಗೂ ಓಡಾಡಿದಳು. ನಾನು ಬಾಯಿಬಿಟ್ಟು ಕೇಳಲಿಲ್ಲ, ಸಂಜೆಯ ಸೊರಬದ ಬಸ್ಸಿನ ಹೊತ್ತಿಗೆ ಅಂಗಡಿ ಬಾಗಿಲು ಹಾಕಿದೆ. ಅವನು ಅದೇ ಬಸ್ಸಿಳಿದ. ಕೈಯಲ್ಲಿ ಹೋಳಿಗೆಯ ಡಬ್ಬಿ, ಹೆಗಲು ಖಾಲಿ.

ಬೆಳಿಗ್ಗೆ ಅವ್ವ ಎರಡು ಮಣೆ ಹಾಕಿದಳು. ನಾನು ಕೂತೆ. ತಮ್ಮ ಹಿತ್ತಿಲ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಬಂದು ಕೂತ. ಎದೆ ಇನ್ನೂ ಇಳಿದೇ ಇತ್ತು, ಅದಕ್ಕೆ ಇನ್ನೊಂದು ಸಲ ಬಾ ಎಂದಿದ್ದರು. ಹೊಟ್ಟೆ ಚಪ್ಪಟೆ. ಸೊಂಟದ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಗೆರೆ ಎಳೆದ ಹಾಗೆ ಗಾಯದ ಗುರುತು. ಅವ್ವ ಬಗ್ಗಿ ನೋಡಿ, "ಹೊಲಿಗೆ ಚಲೋ ಹಾಕ್ಯಾನೆ" ಎಂದಳು. "ದೊಡ್ಡೋನಿಗಿಂತ ಚಲೋ."

"ಕೂಲಿನೂ ಅಷ್ಟೇ ಚಲೋ ತಗೊಂಡಾನವ್ವ" ಎಂದ ತಮ್ಮ. ನನ್ನ ಹೆಂಡತಿ ಹಂಡೆಯ ಕಡೆ ಮುಖ ತಿರುಗಿಸಿ ನಕ್ಕಳು.

ಅವ್ವ ಇಬ್ಬರ ನೆತ್ತಿಗೂ ಎಣ್ಣೆ ಇಟ್ಟು ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ನಾನು ಅವನ ಹಿಂದೆ ಕೂತು ಬೆನ್ನಿಗೆ ಎಣ್ಣೆ ಸುರಿದೆ. ಹಿಂದೆ ಎರಡು ಕೈ ಚಾಚಿದರೂ ಸಾಲದಿದ್ದ ಬೆನ್ನು. ಈಗ ಎಲುಬು ಕೈಗೆ ಸಿಗುತ್ತಿತ್ತು. ಪಕ್ಕೆಯ ಕಡೆ ಕೈ ಜಾರಿದಾಗ ಗುರುತಿನ ತುದಿ ಬೆರಳಿಗೆ ತಾಗಿತು. ಕೈ ಎಳೆದುಕೊಂಡೆ.

"ತಿಕ್ಕು, ನೋವಿಲ್ಲ. ಎಣ್ಣೆ ಹಚ್ಚಬೇಕು ಅಂತಾನೇ ಹೇಳ್ಯಾರೆ" ಎಂದ.

ದೊಡ್ಡವರು ಚಿಕ್ಕವರಿಗೆ ತಪ್ಪಾಯಿತೆನ್ನುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಅಪ್ಪ ಯಾರಿಗೂ ಅಂದವನಲ್ಲ. ನಾನು ಆ ಗುರುತಿನ ಮೇಲೆ ಮೆತ್ತಗೆ ಬೆರಳು ಆಡಿಸುತ್ತ, ಅವ್ವನಿಗೂ ನನ್ನ ಹೆಂಡತಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಆ ಬಕ್ರಂ ಪಟ್ಟಿ ಕಟ್ಟಿ ನಿನ್ನ ಮೈ ಕೊಳೆಸಿದೋನು ನಾನು. ಕಲೆ ನೋಡೀನೂ ಸುಮ್ನಿದ್ದೆ. ನೀ ಕರೆದಾಗ ಶೋಕಿ ಅಂದೆ. ಎದೆ ಆಪರೇಶನ್ನಿಗೆ ನಾ ಬರ್ತೀನಿ, ನೀ ಕರೀದಿದ್ರೂ ಬರ್ತೀನಿ. ನಂದು ತಪ್ಪಾತು ಕಣಪ್ಪ, ತಪ್ಪಾತು."