ಮೆಟ್ಟಿಲು ಮೆಟ್ಟಿಲಾಗಿ ಇಳಿದ ಮನೆ

ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಬೆಳಿಗ್ಗೆ ಹೊಸ ಗೋಡೆಗೆ ಪೈಪಿನಲ್ಲಿ ನೀರು ಹೊಡೆದಾಗ ಹಸಿ ಸಿಮೆಂಟಿನ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತದೆ. ಆ ವಾಸನೆ ಬಂದ ಕೂಡಲೇ ನನಗೆ ಆಪಾ ನೆನಪಾಗುತ್ತಾರೆ. ಕಟ್ಟುತ್ತಿರುವ ಮನೆ ಎಲ್ಲಿ ಕಂಡರೂ ಮೈಮುಚ್ಚುವ ಕಪ್ಪು ಅಬಾಯದ ಅಂಚು ಎತ್ತಿ ಹಿಡಿದು, ಜಲ್ಲಿಯ ರಾಶಿ ದಾಟಿ, ಒಳಗೆ ಇಣುಕಿ ನೋಡುತ್ತಿದ್ದ ಆಪಾ...

ಸೌದಿಯ ಜಿಜಾನ್‌ನಲ್ಲಿ ಅವರು ನಮ್ಮ ಮೇಲಿನ ಮನೆಯವರು. ಅವರ ಊರು ಶಿರೂರು, ಮನೆಮಾತು ನವಾಯತಿ. ನನ್ನದು ತುಳು. ಇಬ್ಬರ ನಡುವೆ ಕನ್ನಡ. ಕಟ್ಟಡದಲ್ಲಿದ್ದ ಹೈದರಾಬಾದಿನ ಹೆಂಗಸರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಗಂಡ ವಾಹನದ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅವರು ನನಗೆ ಭಾಯಿ. ನಮ್ಮ ಎರಡೂ ಮನೆಗಳ ಕಿಟಕಿ ತೆರೆಯುತ್ತಿದ್ದುದು ಕಟ್ಟಡದ ನಡುವಿನ ಇಕ್ಕಟ್ಟಾದ ಸಂದಿಗೆ. ಎಸಿಗಳ ಬೆನ್ನು, ಪಾರಿವಾಳದ ಹಿಕ್ಕೆ ಬಿಟ್ಟರೆ ಅಲ್ಲಿ ಕಾಣುವಂಥದ್ದೇನೂ ಇರಲಿಲ್ಲ. "ಆಕಾಶ ನೋಡ್ಬೇಕಾದ್ರೆ ಬಟ್ಟೆ ಒಣಗಿಸ್ಲಿಕ್ಕೆ ಟೆರೇಸಿಗೆ ಹೋಗ್ಬೇಕು ಮಾರಾಯ್ತಿ" ಎಂದು ಆಪಾ ನಗುತ್ತಿದ್ದರು. ನಗುವಾಗಲೂ ದಣಿದಂತೆ ಕಾಣುವ ಮುಖ ಅವರದು.

ಶುಕ್ರವಾರ ನಮಾಜು ಮುಗಿಸಿ ಭಾಯಿ ಬಂದ ಮೇಲೆ ನಾನು, ನನ್ನ ಗಂಡ, ಅವರಿಬ್ಬರು, ಹೀಗೆ ನಾಲ್ವರೂ ಅವರ ಹಳೆಯ ಕಾರಿನಲ್ಲಿ ಪೂರ್ವದ ಬೆಟ್ಟಗಳ ಕಡೆ ಹೊರಡುತ್ತಿದ್ದೆವು. ಕೆಳಗೆ ಮೈಗೆ ಅಂಟುವ ಸೆಕೆ. ಮೇಲೆ ಹೋದಂತೆ ಗಾಳಿ ತಣ್ಣಗಾಗಿ, ಬೆಟ್ಟದ ಮೈಯಲ್ಲಿ ಕಾಫಿ ಗಿಡಗಳ ಮೆಟ್ಟಿಲು ಗದ್ದೆಗಳು ಕಾಣಿಸುತ್ತಿದ್ದವು. ಅಲ್ಲೊಂದು ತಿರುವಿನಲ್ಲಿ ಆ ಮನೆ ಇತ್ತು.

ಹೊಸದಾಗಿ ಕಟ್ಟಿದ ದೊಡ್ಡ ಮನೆ. ಕಟ್ಟಿಸಿದವರು ಬೆಟ್ಟವನ್ನು ಕಡಿದಿರಲಿಲ್ಲ. ಮೂರು ಅಂತಸ್ತು, ಆದರೆ ಒಂದರ ಮೇಲೊಂದು ಪೇರಿಸಿದ್ದಲ್ಲ, ಗದ್ದೆಗಳ ಹಾಗೆಯೇ ಇಳಿಜಾರಿನಲ್ಲಿ ಒಂದೊಂದಾಗಿ ಕೆಳಗಿಳಿದಿದ್ದವು. ಕೆಳಗಿನ ಕೋಣೆಯ ಮಾಡು ಮೇಲಿನ ಕೋಣೆಗೆ ಅಂಗಳ. ಗೋಡೆಗೆ ಆ ಬೆಟ್ಟದ್ದೇ ಬೂದುಕಲ್ಲು. ಕೊನೆಯ ಕೋಣೆಯೊಂದು ಪೂರ್ತಿ ಗಾಜಿನದು, ಅರ್ಧ ನೆಲದ ಮೇಲೆ, ಅರ್ಧ ಕಣಿವೆಯ ಮೇಲೆ ಗಾಳಿಯಲ್ಲಿ. ಮಂಜು ಬಂದಾಗ ಆ ಕೋಣೆ ಮಾತ್ರ ತೇಲಿದಂತೆ ಕಾಣುತ್ತಿತ್ತು.

ಪ್ರತಿ ಸಲವೂ ಆಪಾ ಅಲ್ಲಿ ಕಾರು ನಿಲ್ಲಿಸಲು ಹೇಳುತ್ತಿದ್ದರು.

"ವಾರ ವಾರ ನೋಡಿದ್ರೆ ಅದು ನಮ್ಮದಾಗ್ತದಾ?" ಎಂದು ಭಾಯಿ ಗೊಣಗುತ್ತಿದ್ದರು.

"ನೋಡ್ಲಿಕ್ಕೆ ಯಾರದ್ದಾದ್ರೆ ಎಂತ? ಒಂದು ನಿಮಿಷ ನಿಲ್ಲಿಸಿ."

ಒಂದು ಶುಕ್ರವಾರ ನಾವು ಹಾಗೆ ನಿಂತಿದ್ದಾಗ ಹಿಂದಿನಿಂದ ದೊಡ್ಡ ಬಿಳಿ ಗಾಡಿಯೊಂದು ಬಂದು ನಮಗೆ ಅಡ್ಡ ನಿಂತಿತು. ಆ ಮನೆಯ ಯಜಮಾನ. ಇಳಿದು ಬಂದವನೇ, ಯಾರು ನೀವು, ವಾರ ವಾರ ನನ್ನ ಮನೆಯ ಮುಂದೆ ಯಾಕೆ ನಿಲ್ಲುತ್ತೀರಿ ಎಂದು ಕೇಳಿದ. ಆಗ ಗಡಿಯಾಚೆ ಯುದ್ಧ ನಡೆಯುತ್ತಿತ್ತು. ದಾರಿಯುದ್ದಕ್ಕೂ ಚೆಕ್‌ಪೋಸ್ಟು, ಹೊಸ ಮುಖ ಕಂಡರೆ ಅನುಮಾನ. ಆತ ಕೇಳುವ ಮೊದಲೇ ನಮ್ಮವರು ತಮ್ಮ ವಾಸದ ಪರವಾನಗಿ ಇಕಾಮಾ ತೆಗೆದು ಹಿಡಿದರು. ವೀಸಾ ಕೊಟ್ಟ ಮಾಲೀಕ ಕಫೀಲ್‌ಗೆ ದೂರು ಹೋದರೆ ಕೆಲಸದ ಗತಿ ಏನೆಂದು ನನಗೆ ಭಯವಾಯಿತು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಆಪಾ ಗಟ್ಟಿಯಾಗಿ, "ಬೈತ್ ಹಿಲು! ವಲ್ಲಾ, ಬೈತ್ ಹಿಲು!" ಎಂದುಬಿಟ್ಟರು. ಮನೆ ಚೆಂದ, ಅಲ್ಲಾನ ಆಣೆಗೂ ಮನೆ ಚೆಂದ! ಅವರಿಗೆ ಬರುತ್ತಿದ್ದ ಅರಬ್ಬಿಯೇ ಅಷ್ಟು.

ಆತ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಬಿಡಲೇ ಇಲ್ಲ. ಗಂಡಸರನ್ನು ಮುಂದಿನ ಅತಿಥಿಗಳ ಕೋಣೆ ಮಜ್ಲಿಸ್‌ಗೆ ಕರೆದೊಯ್ದ, ನಮ್ಮಿಬ್ಬರನ್ನು ಪಕ್ಕದ ಬಾಗಿಲಿನಿಂದ ಹೆಂಗಸರ ಕಡೆ ಕಳಿಸಿದ.

ಒಳಗೆ ಅವನ ಹೆಂಡತಿ ಕಾಫಿಬೀಜದ ಸಿಪ್ಪೆಗೆ ಶುಂಠಿ ಹಾಕಿ ಕುದಿಸಿದ ಪಾನೀಯ ಕೊಟ್ಟಳು. ಆಪಾ ಲೋಟ ಕೈಯಲ್ಲಿ ಹಿಡಿದೇ ಮನೆಯೆಲ್ಲ ತಿರುಗಿದರು. ಗೋಡೆಯ ಕಲ್ಲನ್ನು ಅಂಗೈಯಿಂದ ಸವರಿದರು. ಒಂದು ಕಡೆ ಬೆಟ್ಟದ ಬಂಡೆಯೇ ಮನೆಯೊಳಗೆ ಬಂದಿತ್ತು. ಅದನ್ನು ಒಡೆಯದೆ ಗೋಡೆಯನ್ನೇ ಅದಕ್ಕೆ ಸರಿಯಾಗಿ ಬಳಸಿ ಕಟ್ಟಿದ್ದರು. ಆಪಾ ಅದರ ಮುಂದೆ ಬಹಳ ಹೊತ್ತು ನಿಂತರು. ಎಲ್ಲ ನೋಡಿಯಾದ ಮೇಲೆ, ಗಾಜಿನ ಕೋಣೆ ಎಲ್ಲಿ ಎಂದು ಕೈಸನ್ನೆಯಲ್ಲೇ ಕೇಳಿದರು. ಆ ಹೆಂಗಸಿನ ಮುಖ ಸಣ್ಣದಾಯಿತು. ಬಾಗಿಲು ತೆರೆದಳು, ತಾನು ಹೊಸ್ತಿಲಲ್ಲೇ ನಿಂತಳು. ತಲೆಯ ಸುತ್ತ ಬೆರಳು ತಿರುಗಿಸಿ ತೋರಿಸಿದಳು. ಅವಳಿಗೆ ಎತ್ತರ ಎಂದರೆ ಭಯ! ಗಂಡ ಅಷ್ಟು ಆಸೆಯಿಂದ ಕಟ್ಟಿಸಿದ ಕೋಣೆಗೆ ಅವಳು ಕಾಲಿಟ್ಟೇ ಇರಲಿಲ್ಲ. ಬೆಟ್ಟಕ್ಕೆ ಅಂಟಿದ ಹಿಂದಿನ ಸಣ್ಣ ಕೋಣೆಯಲ್ಲಿ ಅವಳ ದಿನ ಕಳೆಯುತ್ತಿತ್ತು.

ಆಪಾ ಅವಳ ಕೈ ಹಿಡಿದರು. "ನಿಂತ್ರೆ ತಲೆ ತಿರುಗ್ತದೆ, ಕೂತ್ಕೊಂಡು ಬಾ" ಎಂದರು ಕನ್ನಡದಲ್ಲೇ. ಅವಳಿಗೆ ಅದು ಹೇಗೆ ಅರ್ಥವಾಯಿತೋ ತಿಳಿಯದು. ಇಬ್ಬರೂ ನೆಲದ ಮೇಲೆ ಕೂತುಕೊಂಡೇ ಮಕ್ಕಳ ಹಾಗೆ ಒಂದಿಷ್ಟೊಂದಿಷ್ಟೇ ಮುಂದಕ್ಕೆ ಜರುಗಿದರು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಗಾಜಿನ ಹತ್ತಿರ ಬಂದಾಗ ಆಪಾ ಅವಳ ಬೆನ್ನು ತಟ್ಟಿದರು. ಅವಳು ಕಣ್ಣು ಬಿಟ್ಟಳು. ಕೆಳಗೆ ಕಣಿವೆ, ಗದ್ದೆಗಳು, ಹೊಗೆಯಂಥ ಮಂಜು... ನಾವು ಹೊರಡುವವರೆಗೂ ಅವಳು ಆಪಾರ ಮಣಿಕಟ್ಟು ಬಿಡಲಿಲ್ಲ.

ಅಂದಿನಿಂದ ಶುಕ್ರವಾರ ಆ ಮನೆಗೆ ಹೋಗುವುದು ರೂಢಿಯಾಯಿತು. ವಾಪಸು ಬರುವಾಗ ಕಾರಿನಲ್ಲಿ ಆಪಾ, ಭಾಯಿ ಇಬ್ಬರಿಗೂ ಜಗಳ. ಶಿರೂರಿನಲ್ಲಿ ಗುಡ್ಡದ ಇಳಿಜಾರಿನಲ್ಲಿ ಅವರಿಗೊಂದು ಜಾಗವಿತ್ತು.

"ಜೆಸಿಬಿ ತಂದು ಸಪಾಟು ಮಾಡಿದ್ರೆ ಮುಗೀತು. ಕೆಳಗೆ ಎರಡು ಅಂಗಡಿ, ಮೇಲೆ ಮನೆ" ಎನ್ನುತ್ತಿದ್ದರು ಭಾಯಿ.

"ಗುಡ್ಡ ಕಡಿದ ಮೇಲೆ ಅಲ್ಲಿ ಎಂತ ಉಂಟು ನೋಡ್ಲಿಕ್ಕೆ?"

"ನೋಡ್ತಾ ಕೂತ್ರೆ ಹೊಟ್ಟೆ ತುಂಬ್ತದಾ?"

ಆಪಾ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು.

ಆಮೇಲೆ ಹೊರದೇಶದ ಕೆಲಸಗಾರರ ಜೊತೆಗಿದ್ದ ಕುಟುಂಬದವರ ಮೇಲೆ ತಲೆಗಿಷ್ಟೆಂದು ಸರ್ಕಾರದ ಶುಲ್ಕ ಬಂತು. ನಮ್ಮ ಕಟ್ಟಡ ಒಂದೊಂದು ಮನೆಯಾಗಿ ಖಾಲಿಯಾಯಿತು. ಹೆಂಗಸರು ಊರಿಗೆ, ಗಂಡಸರು ಮತ್ತೆ ಬ್ಯಾಚುಲರ್ ರೂಮಿಗೆ. ಆಪಾರಿಗೂ ಮತ್ತೆ ಮರಳದ ಹಾಗೆ ಫೈನಲ್ ಎಕ್ಸಿಟ್ ಆಯಿತು. ಕೊನೆಯ ಶುಕ್ರವಾರ ಬೆಟ್ಟದ ಮನೆಯ ಹೆಂಗಸು ಬಾಗಿಲವರೆಗೂ ಬಂದು ಆಪಾರನ್ನು ಕಳಿಸಿಕೊಟ್ಟಳು. ನಮ್ಮ ಕಾರು ತಿರುವು ದಾಟುವಾಗ ಆಪಾ ಹಿಂದಿರುಗಿ ನೋಡಿ ನನ್ನ ತೋಳು ಅದುಮಿದರು. ಗಾಜಿನ ಕೋಣೆಯಲ್ಲಿ ಕಪ್ಪನೆಯ ಆಕೃತಿಯೊಂದು ಒಂಟಿಯಾಗಿ ನಿಂತಿತ್ತು. ಕೂತಿರಲಿಲ್ಲ, ನಿಂತಿತ್ತು.

ವಿಮಾನ ನಿಲ್ದಾಣದಲ್ಲಿ ಭಾಯಿ ಪೆಟ್ಟಿಗೆಗಳನ್ನು ಟ್ರಾಲಿಗೆ ಏರಿಸುತ್ತಾ, "ಮನೆ ನಿನಗೆ ಹೇಗೆ ಬೇಕೋ ಹಾಗೆ ಕಟ್ಟಿಸು. ನನಗೆ ಮಾತಾಡಿ ಸಾಕಾಯ್ತು" ಎಂದರು. ಅದನ್ನು ಒಪ್ಪಿಗೆ ಎನ್ನಬೇಕೋ, ದಣಿವು ಎನ್ನಬೇಕೋ... ಆಪಾ ಅಷ್ಟನ್ನೇ ಹಿಡಿದುಕೊಂಡು ಹೋದರು.

ಕಟ್ಟಿಸಿದರು ಕೂಡ. ನಾವು ಊರಿಗೆ ಮರಳಿದ ಮೇಲೆ ಒಮ್ಮೆ ನೋಡಲು ಹೋಗಿದ್ದೆ. ಕೆಂಪುಕಲ್ಲಿನ ಸಣ್ಣ ಮನೆ, ಎರಡೇ ಹಂತ. ಜಾಗದಲ್ಲಿದ್ದ ಕೆಂಪು ಮುರಕಲ್ಲಿನ ಬಂಡೆಯನ್ನು ಹಾಗೇ ಉಳಿಸಿದ್ದರು. ಮೇಲಿನ ಕೋಣೆಯಿಂದ ದೂರದಲ್ಲಿ ಸಮುದ್ರ ಕಾಣುತ್ತಿತ್ತು. ಆದರೆ ಅಷ್ಟರಲ್ಲಿ ಆಪಾರ ಎರಡೂ ಮಂಡಿಗಳು ಕೈಕೊಟ್ಟಿದ್ದವು. ಕೆಳಗಿನ ಕೋಣೆಯಲ್ಲೇ ಅವರ ಹಾಸಿಗೆ. "ನೀನು ಹತ್ತಿ ನೋಡಿ ಬಾ, ಎಂತ ಕಾಣ್ತದೆ ಅಂತ ನನಗೆ ಹೇಳು" ಎಂದರು. ನಾನು ಇಳಿದು ಬಂದು, ದೋಣಿ ಇತ್ತು, ಬಿಸಿಲು ನೀರಿನ ಮೇಲಿತ್ತು ಎಂದೆಲ್ಲ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಬೇಸರಪಟ್ಟಂತೆ ಕಾಣಲಿಲ್ಲ. ಸುಸ್ತಾದಂತೆ ಕಂಡರು, ಅಷ್ಟೆ.

ಮುಂದಿನ ಮಳೆಗಾಲದಲ್ಲಿ ಅವರು ಹೋಗಿಬಿಟ್ಟರು. ಭಾಯಿಗೆ ಸಮಯಕ್ಕೆ ರಜೆ ಸಿಗಲಿಲ್ಲ. ಮಣ್ಣಾದ ಮೇಲೆ ಬಂದರು.

ಈಗ ಭಾಯಿ ಪೂರ್ತಿಯಾಗಿ ಊರಿಗೆ ಬಂದಿದ್ದಾರೆ. ಕಳೆದ ತಿಂಗಳು ಆ ಕಡೆ ಹೋಗಿದ್ದಾಗ ನಾನೂ ನಮ್ಮವರೂ ಅವರನ್ನು ಮಾತಾಡಿಸಲು ಹೋದೆವು. ಕೇಳದೆಯೇ ಮನೆಯೆಲ್ಲ ತೋರಿಸಿದರು. ಇಲ್ಲಿ ಬೆಳಗಿನ ಬಿಸಿಲು ಬರ್ತದೆ, ಈ ಬಂಡೆ ಬೇಸಿಗೆಯಲ್ಲೂ ತಣ್ಣಗಿರ್ತದೆ... ಏದುಸಿರು ಬಿಡುತ್ತಾ ಮೇಲೆ ಹತ್ತಿ, ಕಿಟಕಿಯ ಬಳಿ ನಿಂತು, "ಹೇಗುಂಟು ಮನೆ?" ಎಂದು ಕೇಳಿದರು.

"ತುಂಬ ಚೆಂದ ಉಂಟು ಭಾಯಿ" ಎಂದೆ.

"ಹೌದು" ಎಂದರು. ಸಮುದ್ರದ ಕಡೆ ನೋಡಿ, "ಅವಳೂ ಫೋನಿನಲ್ಲಿ ಇದನ್ನೇ ಕೇಳ್ತಿದ್ಲು. ಫೋಟೋ ಕಳಿಸಿ ಕಳಿಸಿ ಕೇಳ್ತಿದ್ಲು. ಆಮೇಲೆ ನೋಡ್ತೇನೆ ಅಂತಿದ್ದೆ" ಎಂದರು.

ನಮ್ಮವರು ಅವರ ಭುಜದ ಮೇಲೆ ಕೈಯಿಟ್ಟರು. ನಾನು ಮೊದಲೇ ಕೆಳಗಿಳಿದು ಬಂದೆ. ಕೆಳಗಿನ ಕೋಣೆ ಗುಡಿಸಿ ಚೊಕ್ಕಟವಾಗಿತ್ತು. ಆಪಾರ ಹಾಸಿಗೆ ಇರಲಿಲ್ಲ.